ಭಾನುವಾರದ ಪ್ರಶ್ನೋತ್ತರ: ಅಂಗವಿಕಲರ ಪುನರ್ವಸತಿ ಮತ್ತು ಗುಂಪು ಕೆಲಸ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಸಂಜೆ 5ರಿಂದ ಮೇಡಂ ನಮ್ಮ ಜೊತೆ ಇರ್ತಾರೆ. ಕೊಪ್ಪಳ, ರಾಯಚೂರು ಕಡೆ ಹಳ್ಳಿಗಳಲ್ಲಿ 16 ವರ್ಷದಿಂದ ಅಂಗವಿಕಲರ ಪುನರ್ವಸತಿ ಕೆಲಸ ಮಾಡುತ್ತಿರುವ ಸಮಾಜ ಕಾರ್ಯಕರ್ತೆ. ನಾನು ಡಾಕ್ಟರ್ ಅಲ್ಲ ಅಂತ ಮೊದಲೇ ಬರೆಯಿರಿ ಅಂದಿದ್ದಾರೆ, ಬರೆದಿದ್ದೀನಿ. ಒಬ್ಬರಿಗೆ ಒಂದೇ ಪ್ರಶ್ನೆ. ಫಾರ್ವರ್ಡ್ ಹಾಕಬೇಡಿ.

ಗಂಗಾವತಿ ಓದುಗ: ನಮ್ಮ ತಂದೆಗೆ ಒಂದು ಕಾಲು ಇಲ್ಲ. ಪಿಂಚಣಿಗೆ ಎಲ್ಲಿ ಅರ್ಜಿ ಹಾಕಬೇಕು ಮೇಡಂ?

ಮೇಡಂ: ಮೊದಲು ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ. ಆನ್‌ಲೈನಲ್ಲಿ ಅರ್ಜಿ ಹಾಕಿ, ಕರೆದ ದಿನ ಆಸ್ಪತ್ರೆಗೆ ಹೋಗಿ ತೋರಿಸಿ. ಅಂಗವೈಕಲ್ಯ ಶೇ 40 ಅಥವಾ ಜಾಸ್ತಿ ಅಂತ ಬಂದರೆ ಕಾರ್ಡ್, ಆಧಾರ್, ಪಾಸ್‌ಬುಕ್, ಆದಾಯ ಪ್ರಮಾಣಪತ್ರ ಹಿಡಿದು ನಾಡಕಚೇರಿಗೆ ಹೋಗಿ. ತಿಳಿಯದಿದ್ದರೆ ನಿಮ್ಮ ಪಂಚಾಯಿತಿಯ ವಿಆರ್‌ಡಬ್ಲ್ಯೂ, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ. ಏಜೆಂಟರಿಗೆ ದುಡ್ಡು ಕೊಡಬೇಡಿ. ಇದನ್ನೇ ಇವತ್ತು ಹತ್ತು ಜನ ಕೇಳ್ತಾರೆ ಅಂತ ಗೊತ್ತು, ಅದಕ್ಕೇ ಪೂರ್ತಿ ಬರೆದಿದ್ದೀನಿ.

ಮಾನ್ವಿ ತಾಯಿ: ಮಗನಿಗೆ 5 ವರ್ಷ. ಹುಟ್ಟಿದಾಗ ಅಳಲಿಲ್ಲ. ಸೆರೆಬ್ರಲ್ ಪಾಲ್ಸಿ ಅಂದಿದ್ದಾರೆ. ಕೂರೋದಿಲ್ಲ, ಕಾಲು ಕತ್ತರಿ ಹಾಕ್ತಾನೆ. ಊಟ ಮಾಡಿಸೋಕೆ ಒಂದು ತಾಸು ಬೇಕು, ಪ್ರತಿ ತುತ್ತಿಗೂ ಕೆಮ್ಮು. ಪೂರ್ತಿ ಗುಣ ಆಗುತ್ತಾ?

ಮೇಡಂ: ಮಲಗಿಸಿ ತಿನ್ನಿಸ್ತೀರಾ?

ಮಾನ್ವಿ ತಾಯಿ: ಹೌದು, ತೊಡೆ ಮೇಲೆ ಮಲಗಿಸಿಕೊಂಡು.

ಮೇಡಂ: ಅದನ್ನು ಇವತ್ತು ರಾತ್ರಿಯಿಂದಲೇ ಬಿಡಿ. ಮಲಗಿದಾಗ ಗಂಜಿ ಶ್ವಾಸಕೋಶಕ್ಕೆ ಇಳಿಯುತ್ತೆ, ಈ ಮಕ್ಕಳಿಗೆ ಪದೇ ಪದೇ ನ್ಯುಮೋನಿಯಾ ಬರೋಕೆ ಅದೂ ಒಂದು ಕಾರಣ. ಎರಡು ಗೋಡೆ ಸೇರುವ ಮೂಲೆಯಲ್ಲಿ ಕೂರಿಸಿ, ಬೆನ್ನಿಗೆ ಮೂಲೆಯೇ ಆಸರೆ. ತೊಡೆಗಳ ನಡುವೆ ಸುತ್ತಿದ ಟವೆಲ್ ಇಡಿ, ಕತ್ತರಿ ಬಿಡುತ್ತೆ. ಗದ್ದ ಸ್ವಲ್ಪ ಕೆಳಗಿರಲಿ. ನೀರಾದ ಗಂಜಿ ಬೇಡ, ರಾಗಿ ಅಂಬಲಿಯನ್ನು ಮಂದ ಮಾಡಿ. ಪ್ರತಿ ತುತ್ತಿಗೂ ಕೆಮ್ಮು ಅಂದ್ರಲ್ಲ, ಅದನ್ನು ಮಕ್ಕಳ ಡಾಕ್ಟರಿಗೆ ಬೇರೆಯಾಗಿ ಹೇಳಿ. ಮಿದುಳಿಗೆ ಆದ ಪೆಟ್ಟು ಹೋಗೋದಿಲ್ಲ, ಸುಳ್ಳು ಹೇಳೋಕೆ ನನಗೆ ಮನಸ್ಸಿಲ್ಲ. ಆದರೆ ಕೂರೋದು, ಸನ್ನೆ ಮಾಡೋದು, ತಾನೇ ತಿನ್ನೋದು ಇವೆಲ್ಲ ಕಲಿಸಿದಷ್ಟೂ ಬರುತ್ತೆ. ನಿರಾಮಯ ಅಂತ ಇಂಥ ಮಕ್ಕಳಿಗೆ ಸರ್ಕಾರದ ಆರೋಗ್ಯ ವಿಮೆ ಇದೆ, ಮಾಡಿಸಿ, ವರ್ಷಕ್ಕೆ 1 ಲಕ್ಷದವರೆಗೆ ಇದೆ, ಥೆರಪಿಗೂ ಸಿಗುತ್ತೆ.

ದೇವದುರ್ಗ: ಅಕ್ಕಾರೆ, ಗ್ರಹಣದ ದಿನ ತಿಪ್ಪೆ ಮಣ್ಣಲ್ಲಿ ಕುತ್ತಿಗೆವರೆಗೆ ಹೂತು ಕೂರಿಸಿದ್ರೆ ನರ ಬಿಡ್ತಾವೆ. ನಮ್ಮ ಹಿರಿಯರು ಹೇಳಿದ್ದು.

ಮೇಡಂ: 2019ರ ಡಿಸೆಂಬರ್ 26ರ ಗ್ರಹಣದಲ್ಲಿ ಕಲಬುರಗಿ ಹತ್ತಿರ ಹೀಗೇ ಮಕ್ಕಳನ್ನು ಹೂತಿದ್ರು. ಫೋಟೋ ಪೇಪರಲ್ಲಿ ಬಂದಿತ್ತು, ನೀವೂ ನೋಡಿರ್ತೀರಿ. ಮಕ್ಕಳು ಅಳುತ್ತಿದ್ದವು. ಮಾನ್ವಿ ತಾಯಿ, ಇದನ್ನು ಓದಲೇ ಇಲ್ಲ ಅಂದುಕೊಳ್ಳಿ. ಅಡ್ಮಿನ್, ಅಳಿಸಿ.

ಕುಷ್ಟಗಿ ತಾಲೂಕು, ವಿಆರ್‌ಡಬ್ಲ್ಯೂ: ನಾನೂ ಪೋಲಿಯೋ ಆದವನೇ ಮೇಡಂ. ಊರಲ್ಲಿ 14 ಜನರ ಗುಂಪು ಕಟ್ಟಿದ್ದೆ. ತಿಂಗಳಿಗೆ ಎರಡು ಬುಧವಾರ ಸೇರ್ತಿದ್ವಿ. ಮೊದಲು ಎಲ್ಲರೂ ಬರ್ತಿದ್ರು. ಕಾರ್ಡ್ ಕೈಗೆ ಬಂತು ನೋಡಿ, 4 ಜನಕ್ಕೆ ಇಳೀತು. ಮೊನ್ನೆ ಇಬ್ಬರೇ. ಜನಕ್ಕೆ ಬೇಡ ಅಂದ್ರೆ ನಾನ್ಯಾಕೆ ಒದ್ದಾಡಲಿ?

ಮೇಡಂ: ಎಲ್ಲಿ ಸೇರ್ತೀರಿ?

ವಿಆರ್‌ಡಬ್ಲ್ಯೂ: ಹನುಮಪ್ಪನ ಗುಡಿ ಕಟ್ಟೆ ಮೇಲೆ. ಗಾಳಿ ಇರುತ್ತೆ.

ಮೇಡಂ: ಮೆಟ್ಟಿಲು ಎಷ್ಟು?

ವಿಆರ್‌ಡಬ್ಲ್ಯೂ: ನಾಲ್ಕು. ಟ್ರೈಸಿಕಲ್‌ನವರು ಇಬ್ಬರಿದ್ದಾರೆ, ಅವರು ಕೆಳಗೇ ಇದ್ದು ಕೇಳ್ತಾರೆ. ನಾನು ಕುರ್ಚಿ ಮೇಲೆ, ಉಳಿದವರು ಚಾಪೆ ಮೇಲೆ.

ಮೇಡಂ: ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ನೀವೇ ಬರೆದುಬಿಟ್ರಿ. ಅಂಗವಿಕಲರ ಸಭೆ, ಇಬ್ಬರು ಅಂಗವಿಕಲರು ಸಭೆಯ ಹೊರಗೆ. ಬೇಜಾರಾಗಬೇಡಿ, ನಾನು ಇದಕ್ಕಿಂತ ದೊಡ್ಡ ತಪ್ಪು ಮಾಡಿದ್ದೀನಿ. ಸಿಂಧನೂರು ತಾಲೂಕಿನ ಒಂದು ಹಳ್ಳಿಯಲ್ಲಿ ಎರಡು ವರ್ಷ ಗುಂಪು ನಡೆಸಿದೆ. ನಡಾವಳಿ ನಾನೇ ಬರೆಯೋದು, ಅಧಿಕಾರಿಗಳ ಹತ್ತಿರ ನಾನೇ ಮಾತಾಡೋದು, ಯಾರಾದರೂ ಜಗಳ ಆಡಿದ್ರೆ ನಾನೇ ಬಿಡಿಸೋದು. ಹಾಜರಾತಿ ನೋಡಿ ಖುಷಿ ಪಡ್ತಿದ್ದೆ. ಆಮೇಲೆ ನನಗೆ ಬೇರೆ ತಾಲೂಕು ಕೊಟ್ರು. ಮೂರು ತಿಂಗಳ ನಂತರ ಆ ಊರಿಗೆ ಹೋದರೆ ರಿಜಿಸ್ಟರ್ ಪುಸ್ತಕದ ಖಾಲಿ ಹಾಳೆಯಲ್ಲಿ ಒಬ್ಬರ ಮೊಮ್ಮಗ ಮಗ್ಗಿ ಬರೆದಿದ್ದ. ಒಂದು ಸಭೆಯೂ ಆಗಿರಲಿಲ್ಲ.

ಕಾರ್ಡ್ ಕೊಡಿಸೋಕೆ ಅಂತ ಕರೆದಿದ್ರಿ, ಕಾರ್ಡ್ ಬಂತು, ಹೋದ್ರು. ಅದರಲ್ಲಿ ತಪ್ಪೇನಿದೆ? ಬಸ್ಸು ಊರು ತಲುಪಿದ ಮೇಲೆ ಇಳೀತಾರೆ ಅಲ್ವಾ. ಮುಂದಿನ ಊರು ಯಾವುದು ಅಂತ ಅವರನ್ನೇ ಕೇಳಬೇಕು, ಒಬ್ಬೊಬ್ಬರನ್ನೂ ಅವರವರ ಮನೆಯಲ್ಲಿ. ಎಲ್ಲರ ಮುಂದೆ ಕೇಳಿದ್ರೆ ಸಾಲ, ಸಬ್ಸಿಡಿ ಅಂತಾರೆ. ಮನೆಯಲ್ಲಿ ಕೇಳಿದ್ರೆ ಬೇರೆ ಬರುತ್ತೆ. ಒಬ್ಬ ಅಜ್ಜ ನನಗೆ ಹೇಳಿದ್ದು, ಕಣ್ಣು ಹೋದ ಮೇಲೆ ಯಾರೂ ನನ್ನನ್ನು ಚಹಾ ಅಂಗಡಿಗೆ ಕರೆಯೋದಿಲ್ಲ ಅಂತ. ಆ ಊರಲ್ಲಿ ನಮ್ಮ ಗುಂಪಿನ ಮೊದಲ ಕೆಲಸ ಅದೇ ಆಯ್ತು. ದಿನಾ ಬೆಳಗ್ಗೆ ಒಬ್ಬರು ಸರದಿ ಮೇಲೆ ಅಜ್ಜನನ್ನು ಅಂಗಡಿಗೆ ಕರ್ಕೊಂಡು ಹೋಗೋದು.

ಜಾಗ ಬದಲಿಸಿ. ಕುರ್ಚಿ ಬಿಡಿ, ನಿಮಗೆ ಕೆಳಗೆ ಕೂರೋದು ಕಷ್ಟ ಆದರೆ ಎಲ್ಲರಿಗೂ ಬೆಂಚ್ ಇರೋ ಜಾಗ ನೋಡಿ. ದುಂಡಗೆ ಕೂತ್ಕೊಳ್ಳಿ. ಪ್ರತಿಯೊಬ್ಬರ ಕೈಯಲ್ಲೂ ಒಂದು ಕೆಲಸ ಇರಲಿ, ಒಬ್ಬರು ಬೀಗ, ಒಬ್ಬರು ಲೆಕ್ಕ, ಒಬ್ಬರು ಬಾರದವರ ಮನೆಗೆ ಹೋಗಿ ಬರೋದು. ಜಗಳ ಬಂದರೆ ಓಡಿ ಹೋಗಿ ಬಿಡಿಸಬೇಡಿ, ಸ್ವಲ್ಪ ಹೊತ್ತು ಬಿಡಿ. ಇನ್ನೊಂದು. ಪಂಚಾಯಿತಿ ಸ್ವಂತ ಆದಾಯದಲ್ಲಿ ಶೇ 5 ಅಂಗವಿಕಲರಿಗೆ ಅಂತ ಇದೆಯಲ್ಲ, ನಿಮ್ಮ ಊರಲ್ಲಿ ಅದು ಎಲ್ಲಿ ಹೋಯ್ತು ಅಂತ ಗ್ರಾಮಸಭೆಯಲ್ಲಿ ಗುಂಪೇ ಕೇಳಲಿ. ನೀವು ಕೇಳಬೇಡಿ, ನೀವು ಬಾಯಿ ಮುಚ್ಚಿಕೊಂಡು ಹಿಂದೆ ಕೂತ್ಕೊಳ್ಳಿ.

14ರಲ್ಲಿ ಹೆಣ್ಮಕ್ಕಳು ಎಷ್ಟು? ಕಿವಿ ಕೇಳದವರು?

ವಿಆರ್‌ಡಬ್ಲ್ಯೂ: 5 ಹೆಣ್ಮಕ್ಕಳು. ಒಬ್ಬಾಕೆಗೆ ಕಿವಿ ಕೇಳೋದಿಲ್ಲ. ಆಕೆ ಎರಡನೇ ಸಭೆಗೇ ಬಿಟ್ಟಳು.

ಮೇಡಂ: ಆಕೆಗೆ ಸಭೆಯ ದಿನ ಯಾರು ಹೇಳ್ತಿದ್ರು?

ಯಲಬುರ್ಗಾ: ಮೇಡಂ ಪಿಂಚಣಿಗೆ ಏನೇನು ದಾಖಲೆ ಬೇಕು?

ಮೇಡಂ: ಮೇಲೆ ಇದೆ.

ಸಿರುಗುಪ್ಪ ಗೆಳೆಯ: ಪಿಂಚಣಿ ಬಗ್ಗೆ ತಿಳಿಸಿ

ಮೇಡಂ: ಮೇಲೆ.

ಬಳ್ಳಾರಿ ಕೌಲ್‌ಬಜಾರ್: ನನ್ನ ಮಗಳಿಗೆ ಕಿವಿ ಕೇಳೋದಿಲ್ಲ, ಮಾತಿಲ್ಲ. 19 ವರ್ಷ. ಹೊಲಿಗೆ ಚೆನ್ನಾಗಿ ಬರುತ್ತೆ. ಜೀನ್ಸ್ ಯುನಿಟ್‌ಗೆ ಕಳಿಸೋಣ ಅಂದ್ರೆ ಆಕೆಗೆ ಪೀಸಿಗೆ ಕಮ್ಮಿ ರೇಟ್ ಅಂತಾರೆ. ಏನು ಮಾಡಬೇಕು?

ಹೊಸಪೇಟೆ ರಸ್ತೆ: *ಲಕ್ವಕ್ಕೆ ರಾಮಬಾಣ!!* ಪಾರಿವಾಳದ ಬಿಸಿ ರಕ್ತ ಹಚ್ಚಿ 21 ದಿನ ಕತ್ತಲೆ ಕೋಣೆಯಲ್ಲಿ ಮಲಗಿಸಿ. ಆಸ್ಪತ್ರೆಯವರು ಇದನ್ನು ಹೇಳೋದಿಲ್ಲ. 10 ಗುಂಪಿಗೆ ಕಳಿಸಿ.

ಮೇಡಂ: ಫಾರ್ವರ್ಡ್ ಬೇಡ ಅಂತ ಮೊದಲ ಸಾಲಲ್ಲೇ ಇದೆ. ಓದೋಕೆ ಬರುತ್ತೆ ತಾನೇ? ಬಾಯಿ ಸೊಟ್ಟ ಆಯ್ತು, ಒಂದು ಕೈ ಬಿತ್ತು, ಮಾತು ತೊದಲಿತು ಅಂದ್ರೆ ತಕ್ಷಣ ಸ್ಕ್ಯಾನ್ ಇರೋ ಆಸ್ಪತ್ರೆ. ರಕ್ತದ ಗಡ್ಡೆ ಕರಗಿಸೋ ಇಂಜೆಕ್ಷನ್ ನಾಲ್ಕೂವರೆ ಗಂಟೆ ಒಳಗೆ ಕೊಡಬೇಕು. ಪಾರಿವಾಳ ಹಿಡಿಯೋದ್ರಲ್ಲೇ ಆ ಹೊತ್ತು ಹೋಗುತ್ತೆ. ಆಮೇಲೆ 21 ದಿನ ಕತ್ತಲಲ್ಲಿ ಅಲುಗಾಡದೆ ಮಲಗಿಸಿ ತರ್ತಾರೆ, ಭುಜ ಹಿಡಿದು ಹೋಗಿರುತ್ತೆ, ಬೆನ್ನಲ್ಲಿ ಹುಣ್ಣು. ಅದನ್ನು ಬಿಡಿಸೋಕೆ ನಮಗೆ ಆರು ತಿಂಗಳು.

ಹೊಸಪೇಟೆ ರಸ್ತೆ: ನಮ್ಮ ದೊಡ್ಡಪ್ಪ ಇದರಿಂದಲೇ ನಡೆದಾಡಿದ್ರು. ಕಣ್ಣಾರೆ ಕಂಡಿದ್ದೀನಿ.

ಕಾರಟಗಿ: ಪಾರಿವಾಳ ಇಲ್ಲದೆಯೂ ನಡೀತಿದ್ರು ಸಾರ್. ಮೊದಲ ಮೂರು ತಿಂಗಳಲ್ಲಿ ಎಷ್ಟೋ ಜನಕ್ಕೆ ತಾನಾಗೇ ಸ್ವಲ್ಪ ಚಲನೆ ಬರುತ್ತೆ.

ಹೊಸಪೇಟೆ ರಸ್ತೆ: ನೀವು ಡಾಕ್ಟರಾ? ಮೇಡಂ ಕೂಡ ಡಾಕ್ಟರ್ ಅಲ್ಲ ಅಂತ ಅಡ್ಮಿನ್ನೇ ಹಾಕಿದ್ದಾರೆ. ವಿಕಲಚೇತನರಿಗೆ ಒಳ್ಳೆಯದಾಗಲಿ ಅಂತ ಹಾಕಿದ್ರೆ ಅವಮಾನ ಮಾಡ್ತೀರಿ.

ಸಿಂಧನೂರು, ಊರುಗೋಲು: ಈ ವಿಕಲಚೇತನ ಪದವೇ ನನಗೆ ಆಗೋದಿಲ್ಲ. ನನ್ನ ಕಾಲು ವಿಕಲ ರೀ, ಚೇತನ ಗಟ್ಟಿಯಾಗಿದೆ.

ಕಾರಟಗಿ: ಮತ್ತೆ ದಿವ್ಯಾಂಗ ಅನ್ನೋಣವಾ? 2015ರಿಂದ ಅದೇ ಓಡ್ತಿದೆ.

ಸಿಂಧನೂರು, ಊರುಗೋಲು: ಬಸ್ ಹತ್ತೋವಾಗ ಕಂಡಕ್ಟರ್ 'ಏ ಕುಂಟ ಬೇಗ' ಅಂತಾನೆ, ಬೋರ್ಡಲ್ಲಿ ದಿವ್ಯಾಂಗ ಅಂತ ಇರುತ್ತೆ. ದಿವ್ಯ ಎಲ್ಲಿದೆ ತೋರಿಸಿ.

ರಾಯಚೂರು ಮೇಷ್ಟ್ರು: ಭಾಷೆ ಬದಲಾದರೆ ಮನಸ್ಸೂ ಬದಲಾಗುತ್ತೆ. ನಾವು ವಿಶೇಷಚೇತನ ಅಂತ ಬಳಸೋಣ.

ಸಿಂಧನೂರು, ಊರುಗೋಲು: ನಿಮ್ಮ ಶಾಲೆ ಶೌಚಾಲಯಕ್ಕೆ ರ್‍ಯಾಂಪ್ ಇದೆಯಾ ಮೇಷ್ಟ್ರೇ?

ರಾಯಚೂರು ಮೇಷ್ಟ್ರು: ಅದು ಬೇರೆ ವಿಷಯ.

ಸಿಂಧನೂರು, ಊರುಗೋಲು: ಅದೇ ವಿಷಯ.

ಲಿಂಗಸುಗೂರು ತಾಲೂಕು, ಅಕ್ಕ: ಮೇಡಂ ಇದನ್ನು ನೋಡಿ. ತಮ್ಮನಿಗೆ 24. ಬೆಂಗಳೂರಲ್ಲಿ ಬಿಲ್ಡಿಂಗ್ ಕೆಲಸದಲ್ಲಿ ಬಿದ್ದು 8 ತಿಂಗಳಾಯ್ತು. ಸೊಂಟದ ಕೆಳಗೆ ಸ್ಪರ್ಶ ಇಲ್ಲ. ಬೆನ್ನಿನ ಕೊನೆಗೆ ಐದು ರೂಪಾಯಿ ನಾಣ್ಯದಷ್ಟು ಕಪ್ಪಾಗಿದೆ, ವಾಸನೆ ಬರ್ತಿದೆ. ಎರಡು ದಿನದಿಂದ ಜ್ವರ. ನೋವಿಲ್ಲ ಅಂತಾನೆ. ಅವ್ವ ರಕ್ತ ಓಡಾಡಲಿ ಅಂತ ಪಾದಕ್ಕೆ ಬಿಸಿ ಇಟ್ಟಿಗೆ ಕಾವು ಕೊಡ್ತಾಳೆ. ನಿನ್ನೆ ಯಾರೋ ಅರಿಶಿನ, ಬೇವು ಹಚ್ಚಿ ಅಂದ್ರು.

ಮೇಡಂ: ಉಳಿದವರು ಸ್ವಲ್ಪ ಸುಮ್ನಿರಿ.

ಅಕ್ಕ, ಇವತ್ತೇ ಆಸ್ಪತ್ರೆಗೆ. ನಾಳೆ ಅಲ್ಲ, ಸೋಮವಾರ ಒಪಿಡಿಗೆ ಅಲ್ಲ. 108ಕ್ಕೆ ಫೋನ್ ಮಾಡಿ. ನೋವಿಲ್ಲ ಅನ್ನೋದು ಸಮಾಧಾನದ ಮಾತಲ್ಲ, ಅವನಿಗೆ ಅಲ್ಲಿ ನೋವು ತಿಳಿಯೋದೇ ಇಲ್ಲ. ಮೇಲೆ ನಾಣ್ಯದಷ್ಟು ಕಪ್ಪು ಕಾಣುತ್ತೆ, ಒಳಗೆ ಮುಷ್ಟಿ ಹಿಡಿಯುವಷ್ಟು ಗುಳಿ ಇರಬಹುದು, ಮೂಳೆವರೆಗೆ. ವಾಸನೆ, ಜ್ವರ ಎರಡೂ ಸೇರಿದ್ರೆ ನಂಜು ರಕ್ತಕ್ಕೆ ಏರುತ್ತಿರಬಹುದು. ಮೂತ್ರದ ಸೋಂಕೂ ಇರಬಹುದು, ಪೈಪ್ ಹಾಕಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ಅರಿಶಿನ ಹಚ್ಚಿದ್ರೆ ಗಾಯದ ಬಣ್ಣವೇ ಕಾಣೋದಿಲ್ಲ, ಏನೂ ಹಚ್ಚಬೇಡಿ. ಶುಭ್ರ ಬಟ್ಟೆ ಮುಚ್ಚಿ, ಮಗ್ಗುಲಾಗಿ ಮಲಗಿಸಿ ಕರ್ಕೊಂಡು ಹೋಗಿ. ಆ ಜಾಗದ ಮೇಲೆ ಭಾರ ಬೀಳಬಾರದು.

ಇಟ್ಟಿಗೆ ಈಗಲೇ ತೆಗೀರಿ. ಪಾದದ ಕೆಳಗೆ, ಹಿಮ್ಮಡಿಗೆ ಬೊಬ್ಬೆ ಇದೆಯಾ ನೋಡಿ. ಅವ್ವನಿಗೆ ಬೈಯಬೇಡಿ. ಅವರ ಕೈಗೆ ಬೆಚ್ಚಗೆ ಅನ್ನಿಸಿದ್ದು ಆ ಪಾದವನ್ನು ಸುಡುತ್ತೆ, ಹುಡುಗ ಕಾಲು ಎಳೆದುಕೊಳ್ಳೋದಿಲ್ಲ, ಅದಕ್ಕೇ ಅವರಿಗೆ ಗೊತ್ತಾಗೋದಿಲ್ಲ.

ಬಂದ ಮೇಲೆ: ಹಾಸಿಗೆಯಲ್ಲಿ ಎರಡು ಗಂಟೆಗೊಮ್ಮೆ ಮಗ್ಗುಲು. ಗಾಲಿಕುರ್ಚಿಯಲ್ಲಿದ್ದರೆ ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಎರಡೂ ಕೈ ಊರಿ ಕುಂಡೆ ಎತ್ತಬೇಕು. ಸ್ಕೂಟರ್ ಟ್ಯೂಬಿನ ರಿಂಗ್ ಮಾಡಿ ಕೂರಿಸ್ತಾರೆ ನಮ್ಮ ಕಡೆ, ಬೇಡ, ಸುತ್ತಲಿನ ರಕ್ತ ತಡೆದು ಹುಣ್ಣು ಹೆಚ್ಚಾಗುತ್ತೆ. ದಿನಾ ರಾತ್ರಿ ಅವನೇ ಮೊಬೈಲಲ್ಲಿ ಫೋಟೋ ತೆಗೆದು ತನ್ನ ಬೆನ್ನು ನೋಡಿಕೊಳ್ಳಲಿ. ಕೆಂಪಾದ ಜಾಗ ಒತ್ತಿದ್ರೆ ಬಿಳಿ ಆಗದಿದ್ದರೆ ಅದರ ಮೇಲೆ ಮಲಗೋದು ಬಂದ್.

ಅವನು ಮನೆಯವರ ಜೊತೆ ಮಾತಾಡ್ತಾನಾ?

ಲಿಂಗಸುಗೂರು ಅಕ್ಕ: ಇಲ್ಲ ಮೇಡಂ. ಗೋಡೆ ಕಡೆ ಮುಖ.

ಮೇಡಂ: ಇನ್‌ಬಾಕ್ಸ್‌ಗೆ ನಂಬರ್ ಹಾಕಿ. ಹೀಗೇ ಬಿದ್ದು ಈಗ ಗಾಲಿಕುರ್ಚಿ ಮೇಲೆ ಮೊಬೈಲ್ ರಿಪೇರಿ ಮಾಡೋ ಒಬ್ಬ ಹುಡುಗ ಇದ್ದಾನೆ, ಅವನ ಕೈಲಿ ಫೋನ್ ಮಾಡಿಸ್ತೀನಿ. ನಾನು ಹೇಳಿದ್ರೆ ಉಪದೇಶ ಆಗುತ್ತೆ. ಮೊದಲು 108.

ಕೊಪ್ಪಳ: ಅಣ್ಣನಿಗೆ ತಲೆ ಸರಿ ಇಲ್ಲ, ಅಮಾವಾಸ್ಯೆಗೆ ಕಟ್ಟಿ ಹಾಕ್ತೀವಿ. ಯಾವ ಸ್ಥಳಕ್ಕೆ ಕರ್ಕೊಂಡು ಹೋದ್ರೆ ಒಳ್ಳೆಯದು?

ಮೇಡಂ: ಜಿಲ್ಲಾ ಆಸ್ಪತ್ರೆ ಮನೋವೈದ್ಯರ ಹತ್ತಿರ. ಇವತ್ತೇ ಮಾತಾಡಬೇಕಂದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡ್ತಾರೆ. ಸರಪಳಿ ಹಾಕೋದು 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ನಿಷೇಧ. 2001ರಲ್ಲಿ ತಮಿಳುನಾಡಿನ ಏರ್ವಾಡಿಯಲ್ಲಿ ಮಾನಸಿಕ ರೋಗಿಗಳನ್ನು ಇಟ್ಟಿದ್ದ ಮನೆಗೆ ಬೆಂಕಿ ಬಿದ್ದಾಗ ಕಟ್ಟಿ ಹಾಕಿದ್ದ 28 ಜನ ಓಡೋಕಾಗದೆ ಸತ್ತರು. ಬಿಚ್ಚಿ.

ಮಸ್ಕಿ: ಶುಭ ಸಂಜೆ ಗೆಳೆಯರೇ 🌹 ನಮ್ಮ ಊರ ಜಾತ್ರೆಗೆ ಎಲ್ಲರೂ ಬನ್ನಿ

ಬಳ್ಳಾರಿ ಕೌಲ್‌ಬಜಾರ್: ಮೇಡಂ, ಜೀನ್ಸ್ ಯುನಿಟ್ ಪ್ರಶ್ನೆ?

ಹೊಸಪೇಟೆ ರಸ್ತೆ: ಮೇಡಂಗೆ ಬೇಕಾದವರಿಗೆ ಮಾತ್ರ ಉದ್ದ ಉದ್ದ ಉತ್ತರ. ನಮ್ಮಂಥವರಿಗೆ ಬೈಗುಳ.

ಮೇಡಂ: ಹೌದು. ಯಾರ ಜೀವಕ್ಕೆ ಅಪಾಯ ಇದೆಯೋ ಅವರಿಗೆ ಉದ್ದ.

ಸಿರುಗುಪ್ಪ ಗೆಳೆಯ: ಪಿಂಚಣಿ ಬಗ್ಗೆ ತಿಳಿಸಿ

ಸಿಂಧನೂರು, ಊರುಗೋಲು: ಅಯ್ಯೋ ಮಾರಾಯ, ಮೇಲೆ ಓದು!

ವಿಆರ್‌ಡಬ್ಲ್ಯೂ: ಮೇಡಂ, ಆಗ ಕೇಳಿದ್ರಲ್ಲ. ಈಗ ಆಕೆಯ ಮನೆಗೆ ಹೋಗಿ ಬಂದೆ. ನಾನು ಡಂಗುರದವನ ಕೈಲಿ ಸಾರಿಸ್ತಿದ್ದೆ, ಸಭೆ ಇದೆ ಅಂತ. ಆಕೆಗೆ ಅದು ಹೇಗೆ ಕೇಳಬೇಕು. ಗೋಡೆ ಮೇಲಿನ ಕ್ಯಾಲೆಂಡರಲ್ಲಿ ಬುಧವಾರಕ್ಕೆ ಇದ್ದಿಲಲ್ಲಿ ಗುರುತು ಹಾಕಿ ತೋರಿಸಿದೆ. ಆಕೆ ಮುಂದಿನ ಎಲ್ಲ ಬುಧವಾರಕ್ಕೂ ತಾನೇ ಗೀಟು ಹಾಕಿದಳು.

ಮೇಡಂ: ತಿಂಗಳಿಗೆ ಎರಡೇ ಅಂತ ಹೇಳಿದ್ರಾ?

ವಿಆರ್‌ಡಬ್ಲ್ಯೂ: ಹೇಳೋಕೆ ಮನಸ್ಸಾಗಲಿಲ್ಲ.

ಲಿಂಗಸುಗೂರು ಅಕ್ಕ: ಗಾಡಿ ಬಂತು ಮೇಡಂ. ಹಿಮ್ಮಡಿಯಲ್ಲಿ ಬೊಬ್ಬೆ ಇದೆ. ಅವ್ವ ಅಳ್ತಿದ್ದಾಳೆ.

ಮೇಡಂ: ಅವ್ವನನ್ನೂ ಕರ್ಕೊಂಡು ಹೋಗಿ. ವಾರ್ಡಲ್ಲೂ ಎರಡು ಗಂಟೆಗೊಮ್ಮೆ ಮಗ್ಗುಲು, ಆ ಕೆಲಸ ಅವರ ಕೈಗೇ ಕೊಡಿ. ದಾರಿಯಲ್ಲಿ ಫೋನ್ ಮಾಡಿ, ನಾನು ಇರ್ತೀನಿ.

ಅಡ್ಮಿನ್: ಮೇಡಂ ಫೋನಲ್ಲಿದ್ದಾರೆ. ಇವತ್ತಿಗೆ ಕಾಮೆಂಟ್ ಬಂದ್ ಮಾಡ್ತಿದ್ದೀನಿ.

ಬಳ್ಳಾರಿ ಕೌಲ್‌ಬಜಾರ್: ನನ್ನ ಮಗಳದ್ದು ಉಳೀತು.