ಹಸಿರು ನೀರಿಗೆ ಯುವಿ: ಪೈಪು ಜೋಡಿಸುವುದು ಹೇಗೆ?

ಮೈಸೂರಿನಿಂದ ಪ್ರಶ್ನೆ:

ಮನೆಯಲ್ಲಿ ನಾಲ್ಕಡಿ ಮೀನಿನ ಟ್ಯಾಂಕ್ ಇದೆ. ಏಂಜಲ್‌ಗಳು, ಒಂದಿಷ್ಟು ಟೆಟ್ರಾ. ಕ್ಯಾನಿಸ್ಟರ್ ಫಿಲ್ಟರ್ (ಟ್ಯಾಂಕಿನ ಹೊರಗಿಡುವ ಡಬ್ಬದಂಥದ್ದು) ಓಡ್ತಾನೇ ಇದೆ, ಆದರೂ ಬೇಸಿಗೆ ಶುರುವಾದಾಗಿನಿಂದ ನೀರು ಹಸಿರು. ಅರ್ಧ ನೀರು ಬದಲಾಯಿಸಿದರೂ ವಾರದೊಳಗೆ ಮತ್ತೆ ಅದೇ ಕಥೆ. ಅಂಗಡಿಯಲ್ಲಿ 9 ವ್ಯಾಟ್‌ನ ಯುವಿ ಸ್ಟೆರಿಲೈಸರ್ (ನೇರಳಾತೀತ ಬೆಳಕಿನ ದೀಪ) ಕೊಟ್ಟಿದ್ದಾರೆ, ಟ್ಯಾಂಕಿನ ಹೊರಗೆ ಪೈಪಿನ ನಡುವೆ ಕೂರಿಸುವಂಥದ್ದು. ಎಲ್ಲಿ ಜೋಡಿಸಬೇಕು? ದಿನವಿಡೀ ಉರಿಸಬೇಕಾ? ಫಿಲ್ಟರಿನ ಒಳ್ಳೆ ಬ್ಯಾಕ್ಟೀರಿಯಾ ಸಾಯುತ್ತವಾ? ಹಾಕಿಸಿಕೊಂಡವರು ದಯವಿಟ್ಟು ಹೇಳಿ.

ಬೆಂಗಳೂರಿನಿಂದ:

ಮೇಡಂ, ಕೊನೆಯ ಪ್ರಶ್ನೆಯಿಂದಲೇ ಶುರು ಮಾಡ್ತೀನಿ. ಎಲ್ಲರೂ ಹೆದರೋದು ಅದಕ್ಕೇ ಅಲ್ವಾ? ಸಾಯಲ್ಲ. ಆ ಬ್ಯಾಕ್ಟೀರಿಯಾ ಸೆರಾಮಿಕ್ ರಿಂಗ್, ಸ್ಪಾಂಜು, ಜಲ್ಲಿಗೆ ಅಂಟಿಕೊಂಡು ಬದುಕುತ್ತವೆ. ಯುವಿ ಕೊಲ್ಲುವುದು ದೀಪದ ಮುಂದೆ ಹಾದು ಹೋಗುವುದನ್ನು ಮಾತ್ರ. ಹಸಿರು ನೀರು ಅಂದರೆ ತೇಲಾಡುವ ಒಂಟಿಕೋಶದ ಪಾಚಿ, ಅದಕ್ಕೇ ಇದು ಅಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಗಾಜಿಗೆ ಹಿಡಿದ ಪಾಚಿ, ಎಲೆಯಂಚಿನ ಕಪ್ಪು ಗಡ್ಡದಂಥ ಪಾಚಿ ಇದಕ್ಕೆ ಜಗ್ಗಲ್ಲ. ಅದಕ್ಕೆ ಕೈಯಿಂದಲೇ ಉಜ್ಜಬೇಕು.

ಇನ್ನು ಪೈಪು. ನನ್ನ ಪ್ರಕಾರ ದೀಪದ ವ್ಯಾಟ್‌ಗಿಂತ ಜೋಡಣೆ ಮುಖ್ಯ. ಕ್ಯಾನಿಸ್ಟರ್‌ನಿಂದ ಟ್ಯಾಂಕಿಗೆ ವಾಪಸ್ ಹೋಗುವ ಪೈಪಿನಲ್ಲೇ ಯುವಿ ಇರಲಿ. ಟ್ಯಾಂಕಿನಿಂದ ಫಿಲ್ಟರಿಗೆ ಬರುವ ಕಡೆ ಬೇಡವೇ ಬೇಡ. ಫಿಲ್ಟರ್ ದಾಟಿದ ನೀರಿನಲ್ಲಿ ಕಸ ಕಡಿಮೆ, ಬೆಳಕು ಒಳಗೆ ಹೋಗುತ್ತದೆ. ಎಳೆದುಕೊಳ್ಳುವ ಕಡೆ ಹಾಕಿ, ಒಂದು ಜಾಯಿಂಟ್ ಸಡಿಲ ಇದ್ದರೆ ಅಲ್ಲಿಂದ ಗಾಳಿ ಎಳೆದು ಪಂಪು ಗೊರಗೊರ ಅನ್ನುತ್ತೆ.

ಪೈಪು ಕತ್ತರಿಸುವ ಮುಂಚೆ ನೀರಿನ ವೇಗ ಅಳೆಯಿರಿ. ಡಬ್ಬದ ಮೇಲೆ ಗಂಟೆಗೆ 1000 ಲೀಟರ್ ಅಂತ ಬರೆದಿರೋದು ಖಾಲಿ ಫಿಲ್ಟರಿನ ಲೆಕ್ಕ. ಮೀಡಿಯಾ, ಅಂದರೆ ರಿಂಗ್, ಸ್ಪಾಂಜು ತುಂಬಿದ ಮೇಲೆ ಅಷ್ಟು ಬರಲ್ಲ. 10 ಲೀಟರಿನ ಬಕೆಟ್ ತಗೊಳ್ಳಿ, ಮೊಬೈಲಿನಲ್ಲಿ ಟೈಮ್ ನೋಡಿ. ಒಂದು ನಿಮಿಷಕ್ಕೆ ತುಂಬಿದರೆ ಗಂಟೆಗೆ 600 ಲೀಟರ್. ಪೈಪಿನ ತುದಿ ಟ್ಯಾಂಕಿನ ನೀರಿನ ಮಟ್ಟದಲ್ಲೇ ಇರಬೇಕು, ಬಕೆಟನ್ನು ಸ್ಟೂಲಿನ ಮೇಲಿಡಿ. ನೆಲದಲ್ಲಿಟ್ಟು ಪೈಪು ಇಳಿಬಿಟ್ಟರೆ ನೀರು ಜಾಸ್ತಿ ಬಂದು ಲೆಕ್ಕ ಕೆಡುತ್ತದೆ. ಯುವಿಯ ಜೊತೆ ಬಂದ ಹಾಳೆಯಲ್ಲಿ ಗರಿಷ್ಠ ವೇಗ ಕೊಟ್ಟಿರುತ್ತಾರೆ. ನಿಮ್ಮದು ಅದರೊಳಗಿದ್ದರೆ ನೇರವಾಗಿ ಜೋಡಿಸಿ. ಮೀರಿದರೆ ಒಂದು ಟೀ ಜಾಯಿಂಟ್ ಹಾಕಿ ನೀರನ್ನು ಎರಡು ದಾರಿ ಮಾಡಿ. ಒಂದು ಯುವಿ ಮೂಲಕ, ಇನ್ನೊಂದು ಸೀದಾ ಟ್ಯಾಂಕಿಗೆ, ಎರಡಕ್ಕೂ ಒಂದೊಂದು ಬಾಲ್ ವಾಲ್ವ್. ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರ ಅಂದುಕೊಂಡರೆ ನಿಮ್ಮ ಟ್ಯಾಂಕ್ ಸುಮಾರು 255 ಲೀಟರ್. ಹಸಿರು ನೀರಿಗೆ 9 ವ್ಯಾಟ್ ಸಾಕು.

ಯುವಿಯ ನಳಿಕೆ ಮೆಟ್ಟಿಲು ಮೆಟ್ಟಿಲಾಗಿರುತ್ತದೆ, ಬೇರೆ ಬೇರೆ ಅಳತೆಯ ಪೈಪಿಗೆ ಆಗಲಿ ಅಂತ. ನಿಮ್ಮ ಪೈಪು 16/22 ಆಗಿದ್ದರೆ, ಅಂದರೆ ಒಳಗೆ 16 ಹೊರಗೆ 22 ಮಿಲಿಮೀಟರ್, ತುದಿಯ ಸಣ್ಣ ಮೆಟ್ಟಿಲುಗಳನ್ನು ಹ್ಯಾಕ್‌ಸಾ ಬ್ಲೇಡಿನಿಂದ ಕತ್ತರಿಸಿಬಿಡಿ. ಇಲ್ಲದಿದ್ದರೆ ಇಷ್ಟು ದಪ್ಪ ಪೈಪಿನ ನೀರೆಲ್ಲ ಆ ಸಣ್ಣ ತೂತಿನಲ್ಲೇ ನುಗ್ಗಬೇಕು. ಕತ್ತರಿಸಿದ ಅಂಚನ್ನು ಮರಳು ಕಾಗದದಲ್ಲಿ ತಿಕ್ಕಿ, ಪ್ಲಾಸ್ಟಿಕ್ ಪುಡಿ ತೊಳೆಯಿರಿ. ಪೈಪಿನ ತುದಿಯನ್ನು ಬಿಸಿ ನೀರಿನಲ್ಲಿ ಅದ್ದಿದರೆ ಸಲೀಸಾಗಿ ಏರುತ್ತದೆ. ಮೇಲೆ ಹೋಸ್ ಕ್ಲಿಪ್ ಹಾಕಿ, ಆದರೆ ಸ್ಕ್ರೂಡ್ರೈವರ್ ಸಿಕ್ಕಿತು ಅಂತ ತಿರುಗಿಸುತ್ತಲೇ ಹೋಗಬೇಡಿ, ಪ್ಲಾಸ್ಟಿಕ್ ನಳಿಕೆ ಸೀಳುತ್ತದೆ. ಟೆಫ್ಲಾನ್ ಟೇಪು ಮರೆ (ಥ್ರೆಡ್) ಇರುವ ಜಾಯಿಂಟಿಗೆ ಮಾತ್ರ. ಓ-ರಿಂಗ್ (ರಬ್ಬರ್ ಬಳೆ) ಕೂರುವ ಕಡೆ ಸುತ್ತಬೇಡಿ.

ಯುವಿಯನ್ನು ನಿಲ್ಲಿಸಿ ಕಟ್ಟುವುದಾದರೆ ನೀರು ಕೆಳಗಿಂದ ಒಳಗೆ, ಮೇಲಿಂದ ಹೊರಗೆ. ಮಲಗಿಸುವುದಾದರೆ ಎರಡೂ ನಳಿಕೆ ಮೇಲ್ಮುಖ ಇರಲಿ. ಉಲ್ಟಾ ಇದ್ದರೆ ಒಳಗೆ ಗಾಳಿ ನಿಲ್ಲುತ್ತದೆ, ಗಾಜಿನ ಕೊಳವೆಯ ಆ ಭಾಗ ಒಣಗಿಯೇ ಬಿಸಿಯಾಗುತ್ತದೆ. ಇನ್ನೊಂದು, ದೀಪವನ್ನು ಉದ್ದಕ್ಕೆ ಎಳೆದು ತೆಗೆಯಲು ಜಾಗ ಬಿಡಿ. ಸ್ಟ್ಯಾಂಡಿನ ಮೂಲೆಗೆ ಒತ್ತರಿಸಿ ಕಟ್ಟಿದರೆ ಮುಂದೆ ದೀಪ ಬದಲಾಯಿಸುವಾಗ ಇಡೀ ಪೈಪು ಬಿಚ್ಚಬೇಕಾಗುತ್ತದೆ. ಎರಡೂ ಬದಿಗೆ ವಾಲ್ವ್ ಇದ್ದರೆ ಅದರಷ್ಟು ಸುಖ ಇನ್ನೊಂದಿಲ್ಲ.

ಜೋಡಿಸಿದ ಮೇಲೆ ದೀಪ ಹಚ್ಚದೆ ಒಂದು ರಾತ್ರಿ ಬರೀ ನೀರು ಓಡಿಸಿ. ಪ್ರತಿ ಜಾಯಿಂಟಿನ ಕೆಳಗೆ ಟಿಶ್ಯೂ ಪೇಪರ್ ಇಡಿ. ಕಣ್ಣಿಗೆ ಕಾಣದ ಜಿನುಗೂ ಅದರಲ್ಲಿ ಕಾಣುತ್ತದೆ. ವೈರು ಪ್ಲಗ್ಗಿಗಿಂತ ಕೆಳಗೆ ಒಮ್ಮೆ ಜೋತು ಬಿದ್ದು ಮೇಲೆ ಹೋಗಲಿ, ನೀರು ಹನಿದರೂ ಪ್ಲಗ್ಗಿಗೆ ಹೋಗಲ್ಲ. ಆ ಲೈನಿಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆರುವ ಸ್ವಿಚ್ಚು) ಇದೆಯಾ ಅಂತ ಎಲೆಕ್ಟ್ರಿಷಿಯನ್ ಹತ್ತಿರ ಕೇಳಿ. ಉರಿಯುವ ದೀಪವನ್ನು ಹೊರಗೆ ತೆಗೆದು ಮಾತ್ರ ನೋಡಬೇಡಿ. ವೆಲ್ಡಿಂಗ್ ಬೆಳಕು ನೋಡಿದವರ ಕಣ್ಣಿಗೆ ಆಗುವುದೇ ಆಗುತ್ತದೆ.

ಹುಬ್ಬಳ್ಳಿಯಿಂದ:

ಮೇಲಿನವರು ಹೇಳಿದ್ದೆಲ್ಲ ಸರಿ. ಇನ್ವರ್ಟರ್ ಇರುವ ಮನೆಯವರು ಒಂದು ನೋಡಿಕೊಳ್ಳಿ. ಕರೆಂಟ್ ಹೋದಾಗ ಪಂಪು ಓಡಿ ಯುವಿ ಆರಿದರೆ ತೊಂದರೆ ಇಲ್ಲ. ಪಂಪು ನಿಂತು ಯುವಿ ಉರಿಯುತ್ತಿದ್ದರೆ ಒಳಗಿನ ನೀರು ಕಾಯುತ್ತದೆ. ನಾನು ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬಾಕ್ಸಿಗೆ ಕೊಟ್ಟಿದ್ದೇನೆ. ಫಿಲ್ಟರ್ ತೊಳೆಯುವಾಗಲೂ ಒಂದೇ ಸ್ವಿಚ್ಚು ಆರಿಸಿದರೆ ಆಯ್ತು.

ನಮ್ಮದು ಬೋರ್‌ವೆಲ್ ನೀರು, ಗಡಸು. ದೀಪದ ಹೊರಗಿನ ಕ್ವಾರ್ಟ್ಜ್ ಕೊಳವೆಗೆ ಬಿಳಿ ಪೊರೆ ಕಟ್ಟುತ್ತದೆ, ಬಾಯ್ಲರ್ ತಳದಲ್ಲಿ ಕಟ್ಟುವ ಹಾಗೆ. ಆ ಪೊರೆ ಇದ್ದರೆ ದೀಪ ಉರಿದೂ ದಂಡ. ಮೂರ್ನಾಲ್ಕು ತಿಂಗಳಿಗೊಮ್ಮೆ ಕೊಳವೆ ತೆಗೆದು ನಿಂಬೆ ಉಪ್ಪಿನ (ಸಿಟ್ರಿಕ್ ಆಸಿಡ್) ನೀರಿನಲ್ಲಿ ನೆನೆಸಿ, ಮೆತ್ತನೆ ಬಟ್ಟೆಯಿಂದ ಒರೆಸುತ್ತೇನೆ. ಬ್ರಷ್ ಹಾಕಿದರೆ ಗೀರು ಬೀಳುತ್ತದೆ. ಕಾವೇರಿ ನೀರಿನವರಿಗೆ ಇಷ್ಟು ಕಾಟ ಇರಲಿಕ್ಕಿಲ್ಲ.

ದೀಪದ ಆಯುಸ್ಸು ಸುಮಾರು 8000 ಗಂಟೆ, ಅಂದರೆ ಬಿಡದೆ ಉರಿಸಿದರೆ ಹನ್ನೊಂದು ತಿಂಗಳು. ಆಮೇಲೂ ನೀಲಿ ಬೆಳಕು ಕಾಣುತ್ತಲೇ ಇರುತ್ತದೆ. ಆದರೆ ಕೆಲಸ ಮಾಡುವ 254 ನ್ಯಾನೋಮೀಟರಿನ ಕಿರಣ ಕಣ್ಣಿಗೆ ಕಾಣುವುದಿಲ್ಲ, ಅದು ಕ್ಷೀಣಿಸಿರುತ್ತದೆ. ಹಾಕಿದ ತಾರೀಖನ್ನು ಮಾರ್ಕರಿನಿಂದ ಮೇಲೆಯೇ ಬರೆದಿಡಿ.

ಮಂಗಳೂರಿನಿಂದ:

ಕುಡಿಯುವ ನೀರಿನ ಪ್ಯೂರಿಫೈಯರಿನ ಹಳೇ ಯುವಿ ಬ್ಯಾರೆಲ್ ಬಳಸಬಹುದಾ ಅಂತ ಬಹಳ ಜನ ಕೇಳುತ್ತಾರೆ. 11 ವ್ಯಾಟ್, ಸ್ಟೀಲ್ ಮೈ, ನೋಡಲು ಗಟ್ಟಿ. ಆದರೆ ಅದರ ಬಾಯಿ ಕಾಲಿಂಚು, ನಿಮಿಷಕ್ಕೆ ಒಂದೆರಡು ಲೀಟರಿಗೆ ಮಾಡಿದ್ದು. ಕ್ಯಾನಿಸ್ಟರ್ ಪೈಪಿಗೆ ಸಿಕ್ಕಿಸಿದರೆ ಫಿಲ್ಟರೇ ಕಟ್ಟಿಕೊಂಡಂತೆ. ಎರಡಡಿ ಟ್ಯಾಂಕಿಗೆ ಬೇರೆ ಸಣ್ಣ ಪಂಪು ಇಟ್ಟು ಓಡಿಸಬಹುದು. ಸಮುದ್ರದ ಮೀನು ಸಾಕುವವರಿಗೆ ಸ್ಟೀಲ್ ಬೇಡ, ಉಪ್ಪು ನೀರು ತಿನ್ನುತ್ತದೆ.

ಬಿಳಿ ಚುಕ್ಕೆ ರೋಗಕ್ಕೆ ಯುವಿ ಮದ್ದು ಅಂತ ಮಾರುವವರನ್ನು ಪೂರ್ತಿ ನಂಬಬೇಡಿ. ಮೀನಿನ ಮೈಯಲ್ಲಿ ಕೂತಿರುವ ಪರಾವಲಂಬಿಗೆ ಏನೂ ಆಗುವುದಿಲ್ಲ. ನೀರಿನಲ್ಲಿ ಈಜಾಡುವ ಮರಿಗಳು ದೀಪದ ಮುಂದೆ ಬಂದರೆ ಮಾತ್ರ ಸಾಯುತ್ತವೆ. ಅದಕ್ಕೂ ನೀರು ಪಾಚಿಗಿಂತ ತುಂಬಾ ನಿಧಾನ ಹರಿಯಬೇಕು.

ಶಿವಮೊಗ್ಗದಿಂದ:

ನನ್ನದು ಸ್ವಲ್ಪ ತಕರಾರು. ಟ್ಯಾಂಕ್ ಕಿಟಕಿ ಪಕ್ಕ ಇದೆಯಾ? ಇದ್ದರೆ ಮೊದಲು ಪರದೆ ಹಾಕಿ. ಲೈಟು ದಿನಕ್ಕೆ ಆರು ಗಂಟೆ ಸಾಕು, ಮೀನಿಗೆ ಊಟ ಕಡಿಮೆ ಮಾಡಿ. ಮೂರ್ನಾಲ್ಕು ದಿನ ದಪ್ಪ ಬೆಡ್‌ಶೀಟ್ ಹೊದಿಸಿ ಕತ್ತಲೆ ಮಾಡಿದರೂ ಹಸಿರು ಹೋಗುತ್ತದೆ. ನಮ್ಮ ಮನೆಯಲ್ಲಿ ಯುವಿ ಇಲ್ಲ, ನೀರು ತಿಳಿಯಾಗೇ ಇದೆ. ಮೇಲಾಗಿ ಹಸಿರು ನೀರು ಮೊಯಿನಾ (ಮೀನಿಗೆ ತಿನ್ನಿಸುವ ಸಣ್ಣ ನೀರುಜೀವಿ) ಬೆಳೆಸುವವರಿಗೆ ಬಂಗಾರ, ಚೆಲ್ಲುವ ಮುಂಚೆ ನನಗೊಂದು ಮಾತು ಹೇಳಿ!

ಬೆಂಗಳೂರಿನಿಂದ ಮತ್ತೆ:

ಪರದೆಯ ಮಾತು ಒಪ್ಪಿದೆ. ಬಿಸಿಲು ನಿಲ್ಲಿಸದೆ ಯುವಿ ಹಾಕಿದರೆ ಅದನ್ನು ಆರಿಸಿದ ಮೇಲೆ ಹಸಿರು ವಾಪಸ್ ಬರುತ್ತೆ. ಆದರೆ ಗಿಡ ಇಟ್ಟವರಿಗೆ ಬೆಡ್‌ಶೀಟ್ ಉಪಾಯ ಕಷ್ಟ ಸ್ವಾಮಿ.

ಮೇಡಂ, ಮೊದಲ ವಾರ ದಿನವಿಡೀ ಉರಿಯಲಿ. ನಡುವೆ ಸ್ಪಾಂಜು ತೊಳೆದು ಕಾಲು ಭಾಗ ನೀರು ಬದಲಾಯಿಸಿ, ಸತ್ತ ಪಾಚಿ ಕೊಳೆತರೆ ಅಮೋನಿಯಾ ಏರುತ್ತದೆ. ತಿಳಿಯಾಯಿತೋ ಇಲ್ಲವೋ ಅನ್ನೋದನ್ನು ಬಿಳಿ ಮಗ್ಗಿನಲ್ಲಿ ನೀರು ಹಿಡಿದು ನೋಡಿ. ಆಮೇಲೆ ಆರಿಸಿಡಬಹುದು, ಪೈಪು ಹಾಗೇ ಇರಲಿ. ಔಷಧಿ ಹಾಕುವ ದಿನಗಳಲ್ಲಿ ಖಂಡಿತ ಆರಿಸಿ, ಕೆಲವು ಔಷಧಿಯನ್ನು ಇದು ಒಡೆದು ಹಾಕುತ್ತದೆ. ಗಿಡಕ್ಕೆ ಹಾಕುವ ಕಬ್ಬಿಣದ ಗೊಬ್ಬರಕ್ಕೂ ಅದೇ ಗತಿ. ಏಂಜಲ್‌ಗಳಿಗೆ ಅಂತ ಕಾಡುಬಾದಾಮಿ ಎಲೆ ಹಾಕಿದ್ದರೆ ಆ ಕಂದು ನೀರು ಯುವಿಯನ್ನು ಹೀರುತ್ತದೆ, ಸದ್ಯಕ್ಕೆ ತೆಗೆಯಿರಿ.

ಮೈಸೂರಿನಿಂದ:

ಎಲ್ಲರಿಗೂ ಥ್ಯಾಂಕ್ಸ್. ಕಿಟಕಿ ಪಕ್ಕವೇ ಇದೆ, ಪರದೆ ಹಾಕಿದ್ದಾಯ್ತು. ಯುವಿ ಜೋಡಿಸಿ ನೀರು ಬಿಟ್ಟಿದ್ದೇವೆ, ದೀಪ ಇನ್ನೂ ಹಚ್ಚಿಲ್ಲ. ಕೆಳಗಿನ ನಳಿಕೆಯ ಮರೆಯ ಹತ್ತಿರ ಟಿಶ್ಯೂ ಒದ್ದೆಯಾಗಿದೆ. ಇನ್ನಷ್ಟು ಬಿಗಿ ಮಾಡಲಾ?

ಬೆಂಗಳೂರಿನಿಂದ:

ಬೇಡ, ಬಿಚ್ಚಿ. ಪಂಪು ಆರಿಸಿ, ವಾಲ್ವ್ ಮುಚ್ಚಿ, ಕೆಳಗೊಂದು ಟಬ್ ಇಡಿ. ಓ-ರಿಂಗ್ ತಿರುಚಿಕೊಂಡಿರುತ್ತದೆ, ಇಲ್ಲಾ ಮರಳಿನ ಕಣ ಕೂತಿರುತ್ತದೆ. ಒರೆಸಿ, ಚೂರು ಸಿಲಿಕೋನ್ ಗ್ರೀಸ್ ಹಚ್ಚಿ, ಕೈಯಲ್ಲೇ ಬಿಗಿ ಮಾಡಿ. ವ್ಯಾಸಲೀನ್ ಬೇಡ, ಕೆಲವು ರಬ್ಬರು ಅದರಿಂದ ಊದಿಕೊಳ್ಳುತ್ತದೆ. ಟಿಶ್ಯೂ ಹೊಸದು ಇಟ್ಟು ಇನ್ನೊಂದು ರಾತ್ರಿ ನೋಡಿ.