ಗಾಳಿಯ ಬಗ್ಗೆ ಕೇಳಿ: ವಾತಾವರಣ ರಸಾಯನಶಾಸ್ತ್ರದ ಮೇಡಂ ಜೊತೆ ಪ್ರಶ್ನೋತ್ತರ

ಮೇಡಂ: ಎಲ್ಲರಿಗೂ ನಮಸ್ಕಾರ. ವಾತಾವರಣದ ರಸಾಯನಶಾಸ್ತ್ರ ನನ್ನ ಕೆಲಸ. ಗಾಳಿಯಲ್ಲಿ ಏನಿದೆ, ಮೊದಲು ಏನಿತ್ತು, ಯಾಕೆ ಬದಲಾಯಿತು, ಯಾವುದು ಬೇಕಾದರೂ ಕೇಳಿ. ಒಂದೇ ಕೋರಿಕೆ. ಯಾವ ಅನಿಲದ ಹೆಸರು ಬಂದರೂ ಮೊದಲು "ಎಷ್ಟು?" ಅಂತ ಕೇಳಿಕೊಳ್ಳಿ.

ಬೆಳಗಿನ ವಾಕಿಂಗ್: ಅಶ್ವತ್ಥ ಮರ ರಾತ್ರಿಯೂ ಆಕ್ಸಿಜನ್ ಬಿಡುತ್ತದೆ ಅಂತಾರೆ. ನಿಜಾನಾ ಮೇಡಂ?

ಮೇಡಂ: ಇಲ್ಲ. ಗಿಡ ನೀರನ್ನು ಒಡೆದು ಆಕ್ಸಿಜನ್ ಬಿಡಬೇಕಾದರೆ ಬೆಳಕು ಬೇಕೇ ಬೇಕು. ಕೆಲವು ಗಿಡಗಳು ರಾತ್ರಿ ಇಂಗಾಲದ ಡೈಆಕ್ಸೈಡ್ ಹೀರಿ ಇಟ್ಟುಕೊಳ್ಳುತ್ತವೆ, ಆದರೆ ಅವೂ ಆಕ್ಸಿಜನ್ ಬಿಡುವುದು ಹಗಲಲ್ಲೇ.

ಕಾಡು ಉಳಿಸಿ: ಅಮೆಜಾನ್ ಪೂರ್ತಿ ಸುಟ್ಟರೆ ಪ್ರಪಂಚದ ಶೇ. 20 ಆಕ್ಸಿಜನ್ ಹೋಗುತ್ತದೆ ಅಲ್ವಾ?

ಮೇಡಂ: ಹೋಗಲ್ಲ. ಆ ಕಾಡು ಬಿಡುವ ಆಕ್ಸಿಜನ್ ಹೆಚ್ಚುಕಡಿಮೆ ಎಲ್ಲವೂ ಅಲ್ಲೇ ಖರ್ಚಾಗುತ್ತದೆ, ಮರಗಳ ಉಸಿರಾಟಕ್ಕೆ, ಎಲೆ ಕೊಳೆಯುವುದಕ್ಕೆ. ಭೂಮಿ ಮೇಲಿನ ಜೀವರಾಶಿಯನ್ನೆಲ್ಲ ಸುಟ್ಟರೂ ಶೇ. 20.95 ಇರುವ ಆಕ್ಸಿಜನ್ ಶೇ. 20.9ರ ಹತ್ತಿರವೇ ನಿಲ್ಲುತ್ತದೆ. ಕಾಡು ಉಳಿಸೋಕೆ ಬೇರೆ ನೂರು ಕಾರಣ ಇವೆ: ಮಳೆ, ಮಣ್ಣು, ಪ್ರಾಣಿಗಳು, ಮರದೊಳಗಿನ ಇಂಗಾಲ. ಅವನ್ನು ಹೇಳಿ.

ಟೈರ್ ಅಂಗಡಿ ಪಕ್ಕದವನು: ಕಾರಿನ ಟೈರಿಗೆ ನೈಟ್ರೋಜನ್ ಹಾಕಿಸಬೇಕಾ, ಮಾಮೂಲಿ ಗಾಳಿ ಸಾಕಾ?

ಸಂಡೂರಿನ ಹುಡುಗ: ಮೇಡಂ, ನಮ್ಮೂರ ಗುಡ್ಡದ ಕೆಳಗೆ ಈ ಕಲ್ಲು ಸಿಕ್ಕಿತು, ಫೋಟೋ ನೋಡಿ. ಕೆಂಪು, ಕಪ್ಪು ಪಟ್ಟೆ ಇದೆ. ಇದಕ್ಕೂ ಆಕ್ಸಿಜನ್‌ಗೂ ಏನೋ ಸಂಬಂಧ ಇದೆ ಅಂತ ನಮ್ಮ ಸರ್ ಹೇಳಿದರು, ಏನು ಅಂತ ಹೇಳಲಿಲ್ಲ.

ಮೇಡಂ: ಈ ಫೋಟೋ ಹಾಕಿದ್ದು ತುಂಬಾ ಒಳ್ಳೆಯದಾಯಿತು. ಕೆಂಪು ಪಟ್ಟೆ, ಬೂದುಗಪ್ಪು ಪಟ್ಟೆ, ಮತ್ತೆ ಕೆಂಪು, ಕೆಲವು ಪಟ್ಟೆ ಉಗುರಿನಷ್ಟೂ ದಪ್ಪ ಇಲ್ಲ. ಇದು ಪಟ್ಟೆ ಕಬ್ಬಿಣ ಶಿಲೆ. ಸಂಡೂರು, ಬಾಬಾಬುಡನ್‌ಗಿರಿ, ಕುದುರೆಮುಖ, ಚಿತ್ರದುರ್ಗ, ಎಲ್ಲ ಕಡೆಯೂ ಇದೆ. ಕಪ್ಪು ಪಟ್ಟೆ ಕಬ್ಬಿಣದ ಅದಿರು, ಕೆಂಪು ಪಟ್ಟೆ ಕಬ್ಬಿಣ ಬೆರೆತ ಸಿಲಿಕಾ. ವಯಸ್ಸು 250 ಕೋಟಿ ವರ್ಷಕ್ಕಿಂತ ಜಾಸ್ತಿ.

ಇದು ಸಮುದ್ರದ ತಳದಲ್ಲಿ ಕೂತ ಕಬ್ಬಿಣ. ಈಗಿನ ಸಮುದ್ರದಲ್ಲಿ ಇಷ್ಟು ಕಬ್ಬಿಣ ಕರಗಿ ನಿಲ್ಲೋದಕ್ಕೆ ಸಾಧ್ಯವೇ ಇಲ್ಲ. ಕೆಲವು ಬೋರ್‌ವೆಲ್ ನೀರು ಬಕೆಟಿಗೆ ಹಿಡಿದಾಗ ತಿಳಿಯಾಗಿರುತ್ತದೆ, ಸ್ವಲ್ಪ ಹೊತ್ತಿಗೆ ಕೆಂಪಾಗಿ ತಳದಲ್ಲಿ ಗಸಿ ಕೂರುತ್ತದೆ, ನೋಡಿದ್ದೀಯಲ್ಲ? ಗಾಳಿಯ ಆಕ್ಸಿಜನ್ ಸಿಕ್ಕ ಮೇಲೆ ಆಗೋದು ಅದು. ಆಗಿನ ಸಮುದ್ರದಲ್ಲಿ ಕಬ್ಬಿಣ ಕರಗಿಕೊಂಡೇ ಇತ್ತು, ಯಾಕಂದರೆ ಗಾಳಿಯಲ್ಲಿ ಆಕ್ಸಿಜನ್ ಇರಲೇ ಇಲ್ಲ ಅನ್ನುವಷ್ಟು ಕಡಿಮೆ. ಇದ್ದದ್ದು ನೈಟ್ರೋಜನ್, ಇಂಗಾಲದ ಡೈಆಕ್ಸೈಡ್, ಸ್ವಲ್ಪ ಮೀಥೇನ್. ಹಾಗಾದರೆ ಕಬ್ಬಿಣ ತಳಕ್ಕೆ ಕೂತಿದ್ದು ಹೇಗೆ? ಸಯನೋಬ್ಯಾಕ್ಟೀರಿಯಾ (ಗಿಡಗಳ ಹಾಗೆ ಬೆಳಕಿನಿಂದ ಬದುಕಿ ಆಕ್ಸಿಜನ್ ಬಿಡುವ ಸೂಕ್ಷ್ಮಜೀವಿ) ಬಿಟ್ಟ ಆಕ್ಸಿಜನ್ನು ನೀರಿನಲ್ಲೇ ಕಬ್ಬಿಣಕ್ಕೆ ಸೇರಿ ಮುಗಿದುಹೋಗುತ್ತಿತ್ತು ಅನ್ನೋದು ಒಂದು ವಿವರಣೆ. ಆಕ್ಸಿಜನ್ ಇಲ್ಲದೆ ಬರೀ ಬೆಳಕಿನ ಬಲದಿಂದ ಕಬ್ಬಿಣವನ್ನು ತುಕ್ಕಾಗಿಸುವ ಬ್ಯಾಕ್ಟೀರಿಯಾಗಳೂ ಇವೆ, ಅವುಗಳ ಕೆಲಸ ಅನ್ನೋದು ಇನ್ನೊಂದು. ಎರಡೂ ನಡೆದಿರಬಹುದು.

ಗಾಳಿಯಲ್ಲಿ ಆಕ್ಸಿಜನ್ ಉಳಿಯೋಕೆ ಶುರುವಾಗಿದ್ದು ಸುಮಾರು 240 ಕೋಟಿ ವರ್ಷದ ಹಿಂದೆ. ಇದಕ್ಕೆ ಸಾಕ್ಷಿ ಗಂಧಕ. ಆಕ್ಸಿಜನ್ ಇಲ್ಲ ಅಂದರೆ ಓಝೋನ್ ಇಲ್ಲ, ಓಝೋನ್ ಇಲ್ಲ ಅಂದರೆ ಸೂರ್ಯನ ಅತಿನೇರಳೆ ಕಿರಣ ನೇರ ಕೆಳಗಿಳಿದು ಗಂಧಕದ ಅನಿಲಗಳನ್ನು ಒಡೆಯುತ್ತದೆ, ಹಾಗೆ ಒಡೆದಾಗ ಗಂಧಕದ ಐಸೋಟೋಪುಗಳಲ್ಲಿ, ಅಂದರೆ ಬೇರೆ ಬೇರೆ ತೂಕದ ಗಂಧಕದ ಪರಮಾಣುಗಳಲ್ಲಿ, ಒಂದು ವಿಚಿತ್ರ ಏರುಪೇರು ಉಳಿಯುತ್ತದೆ. 2000ರಲ್ಲಿ ವಿಜ್ಞಾನಿ ಜೇಮ್ಸ್ ಫಾರ್ಕರ್ ಮತ್ತು ಜೊತೆಯವರು ಹಳೆಯ ಕಲ್ಲುಗಳಲ್ಲಿ ಅದನ್ನು ತೋರಿಸಿದರು. ಆ ಕಾಲದ ನಂತರದ ಕಲ್ಲುಗಳಲ್ಲಿ ಅದು ಮಾಯ. ನಿನ್ನ ಕೈಲಿರುವ ಕಲ್ಲು ಅದಕ್ಕೂ ಹಿಂದಿನದು.

ಒಂದು ಕೆಲಸ ಮಾಡು. ಟೈಲ್ಸಿನ ಹಿಂಭಾಗದ ಒರಟು ಕಡೆ ಕಪ್ಪು ಪಟ್ಟೆಯನ್ನು ಉಜ್ಜಿ ಗೆರೆ ಎಳೆ. ಕೆಂಪುಗಂದು ಗೆರೆ ಬಂದರೆ ಹೆಮಟೈಟ್, ಕಪ್ಪು ಬಂದರೆ ಮ್ಯಾಗ್ನಟೈಟ್, ಎರಡೂ ಕಬ್ಬಿಣದ ಅದಿರೇ. ಆಮೇಲೆ ಮ್ಯಾಗ್ನೆಟ್ ಹಿಡಿದು ನೋಡು.

ಲಾರಿ ಧೂಳು: ಅದೇ ಕಲ್ಲನ್ನು ಲಾರಿ ಲಾರಿ ತುಂಬಿ ಕಳಿಸಿದರಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ತಡೆಯೋವರೆಗೂ ಬಳ್ಳಾರಿ ಗುಡ್ಡ ಕರಗಿದ್ದು ಯಾರಿಗೂ ಕಾಣಲಿಲ್ಲ.

ಹೊಸಪೇಟೆ: ಗಣಿ ನಿಂತಾಗ ಕೆಲಸ ಹೋದವರು ನಿಮಗೆ ಕಾಣಲಿಲ್ಲ. ಮನೆ ಸರಳು ಬೇಕು, ಅದಿರು ಬೇಡ ಅಂದರೆ ಹೇಗೆ?

ಲಾರಿ ಧೂಳು: ಕುದುರೆಮುಖದಲ್ಲಿ 2005ರ ಕೊನೆಗೆ ಗಣಿ ನಿಂತಿತು. ಆಕಾಶ ಬಿದ್ದು ಹೋಯಿತಾ?

ಹೊಸಪೇಟೆ: ಕುದುರೆಮುಖ ಟೌನ್‌ಶಿಪ್‌ನಲ್ಲಿ ಇದ್ದವರನ್ನು ಕೇಳಿ ನೋಡಿ, ಬಿದ್ದಿತೋ ಇಲ್ಲವೋ ಹೇಳುತ್ತಾರೆ.

ಮೇಡಂ: ಇಬ್ಬರೂ ಈ ಜಗಳಕ್ಕೆ ಬೇರೆ ಪೋಸ್ಟ್ ಹಾಕಿಕೊಳ್ಳಿ. ಹುಡುಗನ ಪ್ರಶ್ನೆ ಮುಚ್ಚಿ ಹೋಗುತ್ತಿದೆ.

ಎರಡು ಮಕ್ಕಳ ಅಮ್ಮ: ಮಗನಿಗೆ ಆರು ವರ್ಷ, ಅಸ್ತಮಾ ಇದೆ. ಓಝೋನ್ ಅಂದರೆ ಶಕ್ತಿಯುತ ಆಕ್ಸಿಜನ್ ಅಂತ ಫಾರ್ವರ್ಡ್ ನೋಡಿ ಒಂದು ಓಝೋನ್ ಮೆಷಿನ್ ತಂದಿದ್ದೇವೆ. ರಾತ್ರಿ ಅವನ ರೂಮಲ್ಲಿ ಹಾಕುತ್ತೇವೆ, ಬಾಗಿಲು ಹಾಕಿರುತ್ತೇವೆ. ಮಳೆ ಬಂದ ಮೇಲಿನ ತರಹ ವಾಸನೆ ಬರುತ್ತದೆ, ಆದರೆ ಈಚೆಗೆ ಅವನಿಗೆ ಕೆಮ್ಮು ಜಾಸ್ತಿ ಆಗಿದೆ. ಎಷ್ಟು ಹೊತ್ತು ಹಾಕಬೇಕು?

ಮೇಡಂ: ಈಗಲೇ ಆಫ್ ಮಾಡಿ. ಕಿಟಕಿ ತೆರೆಯಿರಿ. ಮಗುವನ್ನು ಬೇರೆ ರೂಮಿಗೆ ಕರೆದುಕೊಂಡು ಹೋಗಿ, ಆಮೇಲೆ ಮುಂದಿನದನ್ನು ಓದಿ.

ಓಝೋನ್ ಆಕ್ಸಿಜನ್ನೇ, ಆದರೆ ಎರಡು ಪರಮಾಣು ಇರೋ ಕಡೆ ಮೂರು. ಆ ಮೂರನೆಯದು ಸಿಕ್ಕಿದ್ದಕ್ಕೆ ಅಂಟಿಕೊಳ್ಳುತ್ತದೆ. ರಬ್ಬರು ಓಝೋನ್ ಇರುವ ಗಾಳಿಯಲ್ಲಿ ಬಿರುಕು ಬಿಡೋದು ಅದಕ್ಕೇ. ಶ್ವಾಸಕೋಶದ ಒಳಪದರದ ಮೇಲೂ ಅದೇ ಕೆಲಸ ಮಾಡುತ್ತದೆ, ಅಸ್ತಮಾ ಇರೋ ಮಗುವಿಗೆ ಮೊದಲು ತಟ್ಟುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಎಂಟು ಗಂಟೆಗೆ ಘನ ಮೀಟರಿಗೆ 100 ಮೈಕ್ರೋಗ್ರಾಂ. ಅಂದರೆ 100 ಕೋಟಿ ಅಣುಗಳಲ್ಲಿ ಸುಮಾರು 50. ಬಾಗಿಲು ಮುಚ್ಚಿದ ಸಣ್ಣ ರೂಮಿನಲ್ಲಿ ಮೆಷಿನ್ ಅದನ್ನು ಸುಲಭವಾಗಿ ದಾಟುತ್ತದೆ. ವಾಸನೆ ನಂಬಬೇಡಿ, ಮೂಗು ಬೇಗ ಒಗ್ಗಿಕೊಳ್ಳುತ್ತದೆ. ನಿಂಬೆ ವಾಸನೆಯ ನೆಲ ಒರೆಸುವ ಲಿಕ್ವಿಡ್ ಬಳಸುತ್ತೀರಾ? ಅದರ ಆವಿಗೆ ಓಝೋನ್ ಸೇರಿದರೆ ಫಾರ್ಮಾಲ್ಡಿಹೈಡ್ ಅನ್ನುವ ಹಾನಿಕರ ಅನಿಲ ಮತ್ತು ಅತಿ ಸಣ್ಣ ಕಣಗಳು ಹುಟ್ಟುತ್ತವೆ. ಗಾಳಿ ಚೊಕ್ಕ ಆಗಲಿ ಅಂತ ಹಾಕಿದ್ದು ಗಾಳಿಯನ್ನು ಇನ್ನೂ ಕೆಡಿಸುತ್ತದೆ.

ನಾನು ಡಾಕ್ಟರ್ ಅಲ್ಲ. ಕೆಮ್ಮು ಜಾಸ್ತಿ ಆಗಿದೆ ಅಂದಿದ್ದೀರಿ, ಮಗುವನ್ನು ತೋರಿಸಿ. ಇನ್‌ಹೇಲರ್ ನಿಲ್ಲಿಸಿದ್ದೀರಾ? ದಯವಿಟ್ಟು ಉತ್ತರ ಕೊಡಿ.

ಆಕಾಶ ನೋಡುವವ: ಆದರೆ ಓಝೋನ್ ಪದರ ನಮ್ಮನ್ನು ಕಾಪಾಡುತ್ತದೆ ಅಂತ ಶಾಲೆಯಲ್ಲಿ ಓದಿದ್ದೇವಲ್ಲ?

ಮೇಡಂ: ಅದು ಇರೋದು ಮೇಲೆ, ಬಹುಪಾಲು 15ರಿಂದ 35 ಕಿಲೋಮೀಟರ್ ಎತ್ತರದಲ್ಲಿ. ಅಲ್ಲೂ 10 ಲಕ್ಷ ಅಣುಗಳಲ್ಲಿ ಹತ್ತಕ್ಕಿಂತ ಜಾಸ್ತಿ ಇಲ್ಲ. ಫ್ರಿಜ್ಜು, ಸ್ಪ್ರೇ ಡಬ್ಬಿಗಳ ಸಿಎಫ್‌ಸಿ (ಕ್ಲೋರಿನ್ ಇರುವ ಅನಿಲ) ಅದನ್ನು ತಿನ್ನುತ್ತದೆ ಅಂತ ವಿಜ್ಞಾನಿಗಳಾದ ಮೊಲಿನಾ ಮತ್ತು ರೋಲೆಂಡ್ 1974ರಲ್ಲೇ ಎಚ್ಚರಿಸಿದ್ದರು. ಅಂಟಾರ್ಕ್ಟಿಕಾದ ಮೇಲೆ ರಂಧ್ರ ಆಗಿದೆ ಅಂತ 1985ರಲ್ಲಿ ಬ್ರಿಟಿಷ್ ತಂಡ ವರದಿ ಮಾಡಿತು, 1987ರಲ್ಲಿ ಅಂಥ ಅನಿಲಗಳನ್ನು ತಡೆಯುವ ಮಾಂಟ್ರಿಯಲ್ ಒಪ್ಪಂದ ಆಯಿತು. ಈಗ ನಿಧಾನಕ್ಕೆ ವಾಸಿಯಾಗುತ್ತಿದೆ. ಮೇಲೆ ಇದ್ದರೆ ರಕ್ಷಣೆ, ಮಲಗೋ ರೂಮಲ್ಲಿ ವಿಷ.

ಧರ್ಮೋ ರಕ್ಷತಿ: ಫಾರ್ವರ್ಡ್ ಆಗಿ ಬಂದಿದ್ದು: 10 ಗ್ರಾಂ ಹಸುವಿನ ತುಪ್ಪ ಸುಟ್ಟರೆ ಒಂದು ಟನ್ ಆಕ್ಸಿಜನ್ ಬರುತ್ತದೆ. ಎಲ್ಲರಿಗೂ ಕಳಿಸಿ.

ಮೇಡಂ: ಕಳಿಸಬೇಡಿ. 10 ಗ್ರಾಂ ತುಪ್ಪ ಪೂರ್ತಿ ಉರಿಯೋಕೆ ಸುಮಾರು 29 ಗ್ರಾಂ ಆಕ್ಸಿಜನ್ ಖರ್ಚಾಗುತ್ತದೆ, ಸುಮಾರು 28 ಗ್ರಾಂ ಇಂಗಾಲದ ಡೈಆಕ್ಸೈಡ್ ಬರುತ್ತದೆ. 10 ಗ್ರಾಂನಿಂದ ಒಂದು ಟನ್ ಯಾವುದೂ ಬರಲ್ಲ.

ಧರ್ಮೋ ರಕ್ಷತಿ: ನಮ್ಮ ಹಿರಿಯರು ದಡ್ಡರಾ?

ಮೇಡಂ: ಈ ಫಾರ್ವರ್ಡ್ ಬರೆದದ್ದು ನಿಮ್ಮ ಹಿರಿಯರಲ್ಲ. ಹೋಮ ನಿಮ್ಮ ಶ್ರದ್ಧೆ, ಮಾಡಿ. ಉಸಿರಾಟದ ತೊಂದರೆ ಇರೋರನ್ನು ಆ ಹೊಗೆಯಲ್ಲಿ ಕೂರಿಸಬೇಡಿ.

ತೋಟದ ಮನೆ: ಇಂಗಾಲದ ಡೈಆಕ್ಸೈಡ್ ಜಾಸ್ತಿ ಅಂತೀರಿ, ಅದು ಇರೋದೇ ಶೇ. 0.04. ಅಷ್ಟರಿಂದ ಏನಾಗುತ್ತದೆ? ಅದೂ ಜ್ವಾಲಾಮುಖಿಯಿಂದ ಬರೋದಲ್ವಾ?

ಬಯಾಲಜಿ ಮೇಷ್ಟ್ರು: ಜ್ವಾಲಾಮುಖಿಗಳೆಲ್ಲ ಸೇರಿ ವರ್ಷಕ್ಕೆ 100 ಕೋಟಿ ಟನ್ ಕೂಡ ಇಲ್ಲ. ನಾವು ಸುಡುವ ಇಂಧನದಿಂದ 3,500 ಕೋಟಿ ಟನ್‌ಗಿಂತ ಜಾಸ್ತಿ.

ತೋಟದ ಮನೆ: ನಿಮ್ಮನ್ನು ಕೇಳಲಿಲ್ಲ.

ಬಯಾಲಜಿ ಮೇಷ್ಟ್ರು: ಗ್ರೂಪ್‌ನಲ್ಲಿ ಕೇಳಿದ್ದೀರಿ. ಪ್ರತಿ ವಾರ ಇದೇ ಕೇಳುತ್ತೀರಿ, ಪ್ರತಿ ವಾರ ಉತ್ತರ ಬಂದ ಮೇಲೆ ಕಾಣೆಯಾಗುತ್ತೀರಿ.

ಮೇಡಂ: ಮೇಷ್ಟ್ರ ಲೆಕ್ಕ ಸರಿ. ಐಸ್‌ನೊಳಗಿನ ಗುಳ್ಳೆಗಳಲ್ಲಿ ಎಂಟು ಲಕ್ಷ ವರ್ಷದ ಗಾಳಿ ಸಿಕ್ಕಿದೆ, ಅದರಲ್ಲಿ ಇಂಗಾಲದ ಡೈಆಕ್ಸೈಡ್ 10 ಲಕ್ಷ ಅಣುಗಳಿಗೆ 300 ದಾಟಿದ್ದೇ ಇಲ್ಲ. 1958ರಲ್ಲಿ ಹವಾಯಿಯ ಮೌನಾ ಲೋವಾದಲ್ಲಿ ವಿಜ್ಞಾನಿ ಕೀಲಿಂಗ್ ಅಳೆಯಲು ಶುರು ಮಾಡಿದಾಗ ಸುಮಾರು 315, ಈಗ 420 ದಾಟಿದೆ. ಆಕ್ಸಿಜನ್ ಕೂಡ ವರ್ಷಕ್ಕೆ ಸುಮಾರು 4ರಂತೆ ಇಳಿಯುತ್ತಿದೆ. ಇದು ಸುಡುವುದರ ಗುರುತು, ಜ್ವಾಲಾಮುಖಿ ಆಗಿದ್ದರೆ ಹೀಗೆ ಇಳಿಯುತ್ತಿರಲಿಲ್ಲ. ಉಸಿರಾಟಕ್ಕೆ ಇದರಿಂದ ಭಯ ಇಲ್ಲ, 2,09,500ರಲ್ಲಿ 4. ಭೂಮಿಯಿಂದ ಮೇಲೇರುವ ಶಾಖ ಹಿಡಿಯೋ ವಿಷಯದಲ್ಲಿ ಮಾತ್ರ 0.04 ಸಣ್ಣದಲ್ಲ. ಗಾಳಿಯ ಶೇ. 99ರಷ್ಟಿರುವ ನೈಟ್ರೋಜನ್, ಆಕ್ಸಿಜನ್ ಆ ಶಾಖ ಹಿಡಿಯೋದೇ ಇಲ್ಲ.

ಬೆಳಗಿನ ವಾಕಿಂಗ್ 2: ಅಶ್ವತ್ಥ ಮರ ರಾತ್ರಿ...

ಮೇಡಂ: ಮೇಲೆ ಓದಿ.

ಟೈರ್ ಅಂಗಡಿ ಪಕ್ಕದವನು: ನನ್ನ ಪ್ರಶ್ನೆ?

ತೋಟದ ಮನೆ: ನಾಳೆ ಮಳೆ ಬರುತ್ತಾ ಹೇಳೋಕಾಗಲ್ಲ, ಎಂಟು ಲಕ್ಷ ವರ್ಷದ ಲೆಕ್ಕ ಹೇಳ್ತಾರೆ.

ಬಯಾಲಜಿ ಮೇಷ್ಟ್ರು: ಅರ್ಥ ಆಗದಿದ್ದರೆ ಸುಮ್ನೆ ಇರಿ ಸ್ವಾಮಿ.

ಸಂಡೂರಿನ ಹುಡುಗ: ಗೆರೆ ಕೆಂಪಾಗಿ ಬಂತು ಮೇಡಂ. ಮ್ಯಾಗ್ನೆಟ್ ಒಂದೇ ಕಡೆ ಸ್ವಲ್ಪ ಎಳೆಯಿತು.

ಮೇಡಂ: ಹೆಮಟೈಟ್ ಜಾಸ್ತಿ, ಅಲ್ಲಲ್ಲಿ ಮ್ಯಾಗ್ನಟೈಟ್ ಉಳಿದಿದೆ. ಎಳೆದ ಜಾಗದ ಹತ್ತಿರದ ಫೋಟೋ ತೆಗೆದು ಹಾಕು. ಎಲ್ಲಿ ಸಿಕ್ಕಿತು ಅಂತ ಚೀಟಿ ಬರೆದು ಕಲ್ಲಿನ ಜೊತೆಗೇ ಇಡು.

ಎರಡು ಮಕ್ಕಳ ಅಮ್ಮ: ಆಫ್ ಮಾಡಿದೆ ಮೇಡಂ. ಇನ್‌ಹೇಲರ್ ಹೋದ ವಾರ ನಿಲ್ಲಿಸಿದ್ವಿ, ಮೆಷಿನ್ ಇದೆಯಲ್ಲ ಅಂತ. ಅಷ್ಟು ದುಡ್ಡು ಕೊಟ್ಟಿದ್ದೇವೆ, ಹಗಲು ಸ್ವಲ್ಪ ಹೊತ್ತಾದರೂ ಹಾಕೋಣ ಅಂತಾರೆ ಮನೆಯವರು.

ಮೇಡಂ: ಹಗಲೂ ಬೇಡ, ಒಂದು ನಿಮಿಷವೂ ಬೇಡ. ಇನ್‌ಹೇಲರ್ ಕೊಟ್ಟ ಡಾಕ್ಟರಿಗೆ ಈಗಲೇ ಫೋನ್ ಮಾಡಿ, ನಿಲ್ಲಿಸಿದ್ದನ್ನೂ ಮೆಷಿನ್ ಹಾಕಿದ್ದನ್ನೂ ಎರಡನ್ನೂ ಹೇಳಿ. ಮಗು ಉಸಿರಿಗೆ ಒದ್ದಾಡಿದರೆ ಕಾಯಬೇಡಿ, ನೇರ ಆಸ್ಪತ್ರೆಗೆ ಹೋಗಿ. ಮನೆಯವರಿಗೆ ಫೋನ್ ಕೊಡಿ, ನಾನೇ ಮಾತಾಡುತ್ತೇನೆ. ನಂಬರ್ ಪ್ರೈವೇಟ್ ಮೆಸೇಜಿನಲ್ಲಿ ಕಳಿಸಿದ್ದೇನೆ.