ಫ್ರೀ ಕರೆಂಟಿನಲ್ಲಿ ಕಾರು ಓಡುತ್ತಾ?

ಶೀನಣ್ಣ ಎಲೆಕ್ಟ್ರಿಕ್ ಕಾರು ತಂದ ಮೇಲೆ ನಮ್ಮ ಭಾನುವಾರದ ಹರಟೆಯಲ್ಲಿ ರಾಜಕೀಯ ನಿಂತೇ ಹೋಗಿದೆ. ಎಲ್ಲರ ಬಾಯಲ್ಲೂ ಕಿಲೋವ್ಯಾಟ್.

"ಮನೆಯಲ್ಲಿ ಚಾರ್ಜ್ ಮಾಡೋಕೆ ಏನು ಬೇಕು?" ಗುಂಡ ಕೇಳಿದ.

"15 ಆಂಪಿನ ಪ್ಲಗ್ ಸಾಕು. ಗೀಸರಿಗೆ ಇರುತ್ತಲ್ಲ, ಅಂಥದ್ದೇ."

"ಹಾಗಾದರೆ ಕಾರನ್ನು ಬಚ್ಚಲುಮನೆ ತನಕ ತರಬೇಕಾ?"

"ಪ್ಲಗ್ಗನ್ನು ಹೊರಗೆ ತರಬೇಕು ಮಾರಾಯ! ಅದರಲ್ಲಿ ಗಂಟೆಗೆ ಮೂರು ಯೂನಿಟ್ ಚಿಲ್ಲರೆ ಹೋಗುತ್ತದೆ. ನನ್ನದು 45 ಯೂನಿಟ್ಟಿನ ಬ್ಯಾಟರಿ. ಪೂರ್ತಿ ಖಾಲಿಯಾಗಿದ್ದರೆ 15 ಗಂಟೆ."

"ಅಷ್ಟರಲ್ಲಿ ನಾನು ಸೈಕಲ್ ತುಳಿದು ಮೈಸೂರು ಸೇರಿ, ದೋಸೆ ತಿಂದು, ಒಂದು ನಿದ್ದೆ ಮುಗಿಸಿರುತ್ತೇನೆ."

"ದಿನಾ ಪೂರ್ತಿ ಖಾಲಿ ಯಾರು ಮಾಡುತ್ತಾರೆ? ಆಫೀಸಿಗೆ ಹೋಗಿ ಬರೋದು 40 ಕಿಲೋಮೀಟರ್. ಆರೇಳು ಯೂನಿಟ್ ಅಷ್ಟೇ. ನಿನ್ನ ಮೊದಲ ಗೊರಕೆ ಮುಗಿಯೋದರೊಳಗೆ ತುಂಬಿರುತ್ತದೆ. ಅವಸರ ಇದ್ದರೆ ಗೋಡೆಗೆ 7.2 ಕಿಲೋವ್ಯಾಟಿನ ಚಾರ್ಜರ್ ಡಬ್ಬ ಹಾಕಿಸು. ಆದರೆ ಮೊದಲು ಮನೆಗೆ ಮಂಜೂರಾದ ಲೋಡ್ ಏರಿಸಬೇಕು. ಇಲ್ಲದಿದ್ದರೆ ಅತ್ತ ಗೀಸರ್ ಹಾಕಿದರೆ ಇತ್ತ ಫ್ಯೂಸ್ ಹೋಗುತ್ತದೆ."

ಪದ್ಮಕ್ಕ ಇಷ್ಟು ಹೊತ್ತು ಸುಮ್ನೆ ಇದ್ದರು. ಈಗ ಕುರ್ಚಿ ಮುಂದೆ ಎಳೆದರು. "ನಮ್ಮದು ಜೀರೋ ಬಿಲ್ ಕಣಪ್ಪ. ಗೃಹಜ್ಯೋತಿ. ನಾನು ಕಾರು ತಗೊಂಡರೆ ಫ್ರೀ ಕರೆಂಟಿನಲ್ಲೇ ಓಡಿಸಬಹುದು, ಅಲ್ವಾ?"

ಇಡೀ ಕೂಟ ಅವರನ್ನು ಗೌರವದಿಂದ ನೋಡಿತು. ಇಂಥ ಐಡಿಯಾ ನಮಗ್ಯಾರಿಗೂ ಹೊಳೆದಿರಲಿಲ್ಲ.

ಶೀನಣ್ಣ ನೀರೆರಚಿದ. "ಎಲ್ಲರಿಗೂ 200 ಯೂನಿಟ್ ಫ್ರೀ ಅಲ್ಲ ಪದ್ಮಕ್ಕ. 2022-23ರಲ್ಲಿ ತಿಂಗಳಿಗೆ ಸರಾಸರಿ ಎಷ್ಟು ಉರಿಸಿದ್ದಿರೋ ಅದು, ಮೇಲೆ ಸ್ವಲ್ಪ. 200 ದಾಟಿದರೆ ಪೂರ್ತಿ ಬಿಲ್ಲು ನಿಮ್ಮದೇ. ಕಾರು ತಿಂಗಳಿಗೆ 1000 ಕಿಲೋಮೀಟರ್ ಓಡಿದರೆ ಅದೊಂದೇ 150 ಯೂನಿಟ್ ದಾಟುತ್ತದೆ. ಕಾರಿಗೆ ಫ್ರೀ ಸಿಗೋದಿರಲಿ, ಫ್ಯಾನಿಗೂ ದುಡ್ಡು ಕಟ್ಟಬೇಕಾಗುತ್ತದೆ."

"ಅಯ್ಯೋ, ಆ ವರ್ಷ ನಾನು ಲೈಟು ಆರಿಸಿ ಆರಿಸಿ ಉಳಿಸಿದ್ದೆನಲ್ಲ!"

ನನಗೆ ಹೆಚ್ಚು ಇಷ್ಟವಾದದ್ದು ರಘುವಿನ ಮನೆಯ ಕಥೆ. ಹೊಸ ಕಾರಿಗೆ ಪ್ಲಗ್ ಸಿಕ್ಕಿಸಿದರೆ ಕೆಂಪು ದೀಪ. ಎಷ್ಟು ಸಲ ತೆಗೆದು ಹಾಕಿದರೂ ಅದೇ. ಎಲೆಕ್ಟ್ರಿಷಿಯನ್ ಬಂದು ನೋಡಿದ. ಮನೆಗೆ ಅರ್ಥಿಂಗೇ ಇಲ್ಲ! ಅರ್ಥಿಂಗ್ ಸರಿಯಿಲ್ಲದಿದ್ದರೆ ಈ ಕಾರುಗಳು ಚಾರ್ಜ್ ತಗೊಳ್ಳುವುದಿಲ್ಲ.

"ಮಿಕ್ಸಿ, ಫ್ರಿಜ್, ಯಾವುದೂ ಇಷ್ಟು ವರ್ಷ ಕಂಪ್ಲೇಂಟ್ ಮಾಡಿರಲಿಲ್ಲ" ಎಂದ ರಘು.

"ಪಾಪ, ಅವಕ್ಕೆ ಮಾತು ಬರಲ್ಲ" ಎಂದರು ಪದ್ಮಕ್ಕ.

ಸ್ವಂತ ಮನೆಯವರ ಗೋಳು ಇಷ್ಟೇ. ಅಪಾರ್ಟ್‌ಮೆಂಟಿನದು ಬೇರೆಯೇ. ಸುಮಾಳ ಪಾರ್ಕಿಂಗ್ ಎರಡನೇ ಬೇಸ್‌ಮೆಂಟಿನಲ್ಲಿ. ತನ್ನ ಮೀಟರಿನಿಂದ ಅಲ್ಲಿಗೆ ವೈರು ಎಳೆಯಲು ಅನುಮತಿ ಕೇಳಿದಳು. ಬೆಂಕಿ ಹತ್ತಿಕೊಂಡರೆ ಯಾರು ಹೊಣೆ ಎಂದಿತು ಸಮಿತಿ.

"ಸುತ್ತ ಅಷ್ಟೊಂದು ಕಾರುಗಳು ಪೆಟ್ರೋಲ್ ತುಂಬಿಕೊಂಡು ನಿಂತಿವೆ, ಅವು ಪನ್ನೀರಾ ಅಂತ ಕೇಳಿದೆ. ಉತ್ತರ ಇಲ್ಲ. ಮನೆಯ ಕನೆಕ್ಷನ್ನಿನಲ್ಲೇ ಕಾರು ಚಾರ್ಜ್ ಮಾಡಬಹುದು ಅಂತ ಕೇಂದ್ರ ಇಂಧನ ಸಚಿವಾಲಯದ ಮಾರ್ಗಸೂಚಿ ಇದೆ, ಅದನ್ನು ತೋರಿಸಿದೆ. ಸಚಿವಾಲಯದವರು ನಮ್ಮ ಮೆಂಬರ್ ಅಲ್ಲ ಅಂದರು."

"ಈಗ?"

"ಈಗ ಕೆಳಗೆ ಒಂದು ಕಾಮನ್ ಚಾರ್ಜರ್ ಹಾಕಿದ್ದಾರೆ. ಕರೆಂಟು ಹೋದರೆ ಜನರೇಟರ್ ಮೇಲೆ ಓಡುತ್ತದೆ."

"ಅಂದರೆ ನೀನು ಡೀಸೆಲ್ ಕಾರು ಮಾರಿ, ಈಗ ಡೀಸೆಲ್ಲಿನಲ್ಲಿ ಎಲೆಕ್ಟ್ರಿಕ್ ಕಾರು ಓಡಿಸುತ್ತಿದ್ದೀಯಾ!"

ಒಂದು ಮಾತು. ಎಲೆಕ್ಟ್ರಿಕ್ ವಾಹನಕ್ಕೆ ದೇಶದಲ್ಲೇ ಮೊದಲು ನೀತಿ ಮಾಡಿದ ರಾಜ್ಯ ನಮ್ಮದು, 2017ರಲ್ಲಿ. ಅದಕ್ಕೂ ಮೊದಲು, 2001ರಲ್ಲೇ, ಬೆಂಗಳೂರಿನಲ್ಲಿ ರೇವಾ ಎಂಬ ಪುಟ್ಟ ಎಲೆಕ್ಟ್ರಿಕ್ ಕಾರು ಬಂದಿತ್ತು. ಅದೂ ಮನೆಯ ಪ್ಲಗ್ಗಿಗೇ ಹಾಕುವ ಕಾರು. ಇಷ್ಟು ವರ್ಷ ಕಳೆದರೂ ಪ್ಲಗ್ ಎಲ್ಲಿ ಹಾಕಬೇಕೆಂದು ಮೀಟಿಂಗ್ ನಡೆಯುತ್ತಲೇ ಇದೆ.

ಇನ್ನು ಮೈಸೂರು ರಸ್ತೆ. ಶೀನಣ್ಣನ ಫೋನಿನಲ್ಲಿ ಚಾರ್ಜಿಂಗ್ ಆ್ಯಪ್‌ಗಳದ್ದೇ ಒಂದು ಸಂಸಾರ. ಪ್ರತಿಯೊಂದರ ವ್ಯಾಲೆಟ್ಟಿನಲ್ಲೂ ಚೂರುಪಾರು ದುಡ್ಡು ಸಿಕ್ಕಿಕೊಂಡಿದೆ. ಮೇಲೆ 18% ಜಿಎಸ್‌ಟಿ.

"ಬೋರ್ಡಿನಲ್ಲಿ 60 ಕಿಲೋವ್ಯಾಟ್ ಅಂತ ಇತ್ತು. ಖುಷಿಯಾಗಿ ಚಾರ್ಜರಿನ ಗನ್ ಕಾರಿಗೆ ಸಿಕ್ಕಿಸಿದೆ. ಅಷ್ಟರಲ್ಲಿ ಇನ್ನೊಬ್ಬ ಬಂದು ಪಕ್ಕದ ಗನ್ ಹಾಕಿಕೊಂಡ. ಇಬ್ಬರಿಗೂ ಮೂವತ್ತು ಮೂವತ್ತು!"

"ಪಾಲು ಅಂದ ಮೇಲೆ ಅಷ್ಟೇ" ಎಂದ ಗುಂಡ. ಅವನಿಗೆ ಅಣ್ಣತಮ್ಮಂದಿರು ಜಾಸ್ತಿ.

"ಅದನ್ನಾದರೂ ಸಹಿಸಬಹುದು. 80% ಆದ ಮೇಲೂ ಎದ್ದೇಳದವರನ್ನು ಏನು ಮಾಡೋಣ? ಅಲ್ಲಿಂದ ಮುಂದೆ ಬ್ಯಾಟರಿ ಕೆಡದಿರಲಿ ಅಂತ ಕಾರೇ ಕರೆಂಟು ಕಡಿಮೆ ಮಾಡಿಸುತ್ತದೆ. ತುಂಬಿದ ಬಸ್ಸಿಗೆ ಕೊನೆಯ ನಾಲ್ಕು ಜನ ಹತ್ತಿದ ಹಾಗೆ. ಹಿಂದೆ ನಾವು ಕ್ಯೂ ನಿಂತಿದ್ದೇವೆ, ಅವರು ನೂರಾಗಲಿ ಅಂತ ಒಳಗೆ ವಡೆ ತಿನ್ನುತ್ತಿದ್ದಾರೆ."

"ಚಾರ್ಜರ್ ಮುಂದೆ ಪೆಟ್ರೋಲ್ ಕಾರು ನಿಲ್ಲಿಸುವವರು?" ಸುಮಾ ಕೇಳಿದಳು.

"ಅವರು 'ಐದೇ ನಿಮಿಷ ಸಾರ್' ಅಂತಾರೆ. ವಾಚು ಅವರದು."

ಕೊನೆಗೆ ಗುಂಡನ ಪ್ರಶ್ನೆ: "ಇಷ್ಟೆಲ್ಲ ಕೇಳಿದೆ. ನಾನು ತಗೊಳ್ಳಲಾ ಬೇಡವಾ?"

"ನಿನ್ನ ಕಾರು ರಾತ್ರಿ ಎಲ್ಲಿರುತ್ತದೆ?"

"ರಸ್ತೆಯಲ್ಲಿ, ಹೊಂಗೆ ಮರದ ಕೆಳಗೆ."

ಶೀನಣ್ಣ ಬೇಡ ಎನ್ನಲು ಬಾಯಿ ತೆರೆದ. ಪದ್ಮಕ್ಕ ಅಡ್ಡ ಬಂದರು. "ನಮ್ಮ ಗೇಟಿನೊಳಗೆ ಜಾಗ ಇದೆ. ಬೇರೆ ಮೀಟರ್ ಹಾಕಿಸಿಕೋ. ನನ್ನ ಜೀರೋ ಬಿಲ್ ಮಾತ್ರ ಮುಟ್ಟಬೇಡ."

"ಬಾಡಿಗೆ ಎಷ್ಟು ಪದ್ಮಕ್ಕ?"

"ಬಾಡಿಗೆ ಯಾಕಪ್ಪ? ವಾರಕ್ಕೊಂದು ಸಲ ಗಾಂಧಿಬಜಾರಿಗೆ ಕರಕೊಂಡು ಹೋಗು. ನಾನು ಹೂವು, ತರಕಾರಿ ತಗೊಳ್ಳೋವರೆಗೂ ಗೊಣಗದೆ ಕಾಯಬೇಕು."

"15 ಗಂಟೆ ಚಾರ್ಜಿಂಗೇ ವಾಸಿ" ಎಂದ ಗುಂಡ.